ಬ್ಲೂಸ್ ಹಾರ್ಮೋನಿಕಾ ಆಂಪ್ಲಿಫೈಯರ್

ಬ್ಲೂಸ್ ಹಾರ್ಮೋನಿಕಾ ಆಂಪ್ಲಿಫೈಯರ್ ಎಂದರೆ ಅಮೆರಿಕದ ಬ್ಲೂಸ್ ಶೈಲಿಯಲ್ಲಿ ಹಾರ್ಮೋನಿಕಾ ನುಡಿಸುವವರು ಮೈಕ್ರೋಫೋನಿನೊಡನೆ ಬಳಸುವ ಧ್ವನಿವರ್ಧನ ಸಾಧನ. ಕನ್ನಡಿಗರು ಮೌತ್ ಆರ್ಗನ್ ಎಂದು ಕರೆಯುವ ವಾದ್ಯವೇ ಹಾರ್ಮೋನಿಕಾ. ಈ ವಾದ್ಯಕ್ಕೆಂದೇ ತಯಾರಾದ ಆಂಪ್ಲಿಫೈಯರ್‌ಗಳು ವಿರಳ. ಬಹುಪಾಲು ವಾದಕರು ಗಿಟಾರಿಗಾಗಿ ರೂಪುಗೊಂಡ ವಾಲ್ವ್ ಆಂಪ್ಲಿಫೈಯರ್‌ಗಳಲ್ಲೇ ತಮಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತಾರೆ. ಆದರೆ ಗಿಟಾರಿಗೆ ಅತ್ಯುತ್ತಮವೆನಿಸಿದ ಆಂಪ್ಲಿಫೈಯರ್ ಹಾರ್ಮೋನಿಕಾಕ್ಕೆ ಅನೇಕ ವೇಳೆ ನಿರುಪಯುಕ್ತವಾಗುತ್ತದೆ. ಇದನ್ನು ಅರಿಯದೆ ದುಬಾರಿ ಉಪಕರಣ ಕೊಂಡು ಮೂಲೆಗಿಟ್ಟವರು ಕಡಿಮೆಯಿಲ್ಲ.

ಹಿನ್ನೆಲೆ

ಭಾರತೀಯರಿಗೆ ಮೌತ್ ಆರ್ಗನ್ ಪರಿಚಿತವಾದದ್ದು ಮುಖ್ಯವಾಗಿ ಚಲನಚಿತ್ರ ಸಂಗೀತದ ಮೂಲಕ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಮೌತ್ ಆರ್ಗನ್ ಧುನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಆರ್. ಡಿ. ಬರ್ಮನ್ ಸಂಗೀತದ ಆ ಧುನ್ ನುಡಿಸಿದವರು ಭಾನು ಗುಪ್ತ. ಇಂಥ ಸಂಗೀತದಲ್ಲಿ ವಾದ್ಯದ ಸ್ವರ ಶುದ್ಧವಾಗಿ, ಇದ್ದಂತೆಯೇ ಕೇಳಿಸಬೇಕು. ಆರ್ಕೆಸ್ಟ್ರಾಗಳಲ್ಲಿ ಬಳಸುವ ಅಹುಜಾ ಮುಂತಾದ ಸಾರ್ವಜನಿಕ ಸಭೆಯ ಆಂಪ್ಲಿಫೈಯರ್ ಮತ್ತು ಹಾಡುಗಾರರ ಮೈಕು ಅದಕ್ಕೆ ಸಾಕು. ಚಿತ್ರಗೀತೆಗಳನ್ನಷ್ಟೇ ನುಡಿಸುವವರು ಮುಂದೆ ವಿವರಿಸುವ ತೊಂದರೆಗಳಿಗೆ ಸಿಲುಕುವ ಅಗತ್ಯವೇ ಇಲ್ಲ.

ಬ್ಲೂಸ್‌ನ ದಾರಿ ಬೇರೆ. ಜರ್ಮನಿಯ ಹೋನರ್ ಸಂಸ್ಥೆ 1896ರಲ್ಲಿ ಹೊರತಂದ 'ಮರೀನ್ ಬ್ಯಾಂಡ್' ಎಂಬ ಹತ್ತು ರಂಧ್ರದ ಹಾರ್ಮೋನಿಕಾವನ್ನು ಅಮೆರಿಕದ ಕರಿಯ ಸಂಗೀತಗಾರರು ತಮ್ಮದಾಗಿಸಿಕೊಂಡರು. ಎರಡನೆಯ ಮಹಾಯುದ್ಧದ ನಂತರ ಷಿಕಾಗೋ ನಗರದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಅಬ್ಬರದ ನಡುವೆ ಈ ಪುಟ್ಟ ವಾದ್ಯ ಕೇಳಿಸದಂತಾಯಿತು. ಆಗ ವಾದಕರು ಅಗ್ಗದ ಮೈಕನ್ನು ಹಾರ್ಮೋನಿಕಾದೊಡನೆ ಬೊಗಸೆಯಲ್ಲಿ ಹಿಡಿದು ಆಂಪ್ಲಿಫೈಯರಿಗೆ ಜೋಡಿಸಿದರು. ಲಿಟಲ್ ವಾಲ್ಟರ್ ಎಂದು ಹೆಸರಾದ ಮೇರಿಯನ್ ವಾಲ್ಟರ್ ಜೇಕಬ್ಸ್ 1952ರಲ್ಲಿ ಧ್ವನಿಮುದ್ರಿಸಿದ 'ಜ್ಯೂಕ್' ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಆಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಅಲ್ಲಿಂದಾಚೆಗೆ ಗೊಗ್ಗರು ಮಿಶ್ರಿತವಾದ, ತುಂಬಿದ ಆ ದನಿಯೇ ಬ್ಲೂಸ್ ಹಾರ್ಮೋನಿಕಾದ ಲಕ್ಷಣವೆನಿಸಿತು.

ಧ್ವನಿ ರೂಪುಗೊಳ್ಳುವ ಬಗೆ

ಬ್ಲೂಸ್ ಹಾರ್ಮೋನಿಕಾದಲ್ಲಿ ಆಂಪ್ಲಿಫೈಯರ್ ವಾದ್ಯದ ಅರ್ಧಭಾಗವೇ ಆಗಿದೆ. ವಾಲ್ವಿಗೆ ಅದರ ಮಿತಿಗಿಂತ ತುಸು ಹೆಚ್ಚು ಸಂಕೇತ ಕೊಟ್ಟಾಗ ಸ್ವರದ ಅಂಚು ಮೆಲ್ಲಗೆ ಒಡೆಯುತ್ತದೆ. ಈ ಒಡಕೇ ಇಲ್ಲಿ ಬೇಕಾದ ಗುಣ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮಿತಿ ಮೀರಿದಾಗ ಸ್ವರ ಒಮ್ಮೆಗೇ ಕತ್ತರಿಸಿದಂತಾಗಿ ಕರ್ಕಶವೆನಿಸುತ್ತದೆ.

ಗಿಟಾರಿನ ಪಿಕಪ್ ಮುಖ್ಯವಾಗಿ ಲೋಹದ ತಂತಿಯ ಕಂಪನವನ್ನು ಗ್ರಹಿಸುತ್ತದೆ. ಮೈಕಾದರೋ ಗಾಳಿಯಲ್ಲಿರುವ ಎಲ್ಲ ಶಬ್ದವನ್ನೂ ಗ್ರಹಿಸುತ್ತದೆ, ತನ್ನದೇ ಸ್ಪೀಕರಿನ ಶಬ್ದವನ್ನೂ ಸಹ. ಆ ಶಬ್ದ ಮತ್ತೆ ಮತ್ತೆ ಸುತ್ತಿ ಬಂದು ಬೆಳೆದಾಗ ಫೀಡ್‌ಬ್ಯಾಕ್ ಉಂಟಾಗುತ್ತದೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಮೈಕು 'ಕುಯ್' ಎಂದು ಕೂಗುವುದು ಇದರಿಂದಲೇ. ಆಧುನಿಕ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಆರಂಭದ ಹಂತಗಳ ವರ್ಧನ ಬಹಳ ಹೆಚ್ಚು. ಹಾರ್ಮೋನಿಕಾ ವಾದಕ ಗುಂಡಿಯನ್ನು ಕಾಲುಭಾಗ ತಿರುಗಿಸುವಷ್ಟರಲ್ಲಿ ಅವು ಕೂಗತೊಡಗುತ್ತವೆ. ಆದ್ದರಿಂದ ಆಯ್ಕೆಯ ಮೊದಲ ಪ್ರಶ್ನೆ 'ಎಷ್ಟು ಜೋರು?' ಎಂಬುದಲ್ಲ, 'ಕೂಗುವ ಮೊದಲು ಒಡಕು ಬರುತ್ತದೆಯೇ?' ಎಂಬುದು.

ಮೈಕು

ಮೈಕನ್ನು ಬಿಟ್ಟು ಆಂಪ್ಲಿಫೈಯರ್ ಆರಿಸುವಂತಿಲ್ಲ. ಶೂರ್ ಸಂಸ್ಥೆಯ 'ಗ್ರೀನ್ ಬುಲೆಟ್' ಮತ್ತು ಅಸ್ಟಾಟಿಕ್ ಸಂಸ್ಥೆಯ ಜೆಟಿ-30 ಬ್ಲೂಸ್ ವಾದಕರ ಮೆಚ್ಚಿನ ಮೈಕುಗಳು. ಇವು ಹೈ ಇಂಪೀಡೆನ್ಸ್ ಮೈಕುಗಳಾದ್ದರಿಂದ ಗಿಟಾರ್ ಆಂಪ್ಲಿಫೈಯರಿನ ಒಳಬಾಗಿಲಿಗೆ ನೇರವಾಗಿ ಹೊಂದುತ್ತವೆ. ಸಭೆಗಳಲ್ಲಿ ಬಳಸುವ ಲೋ ಇಂಪೀಡೆನ್ಸ್ ಮೈಕುಗಳಿಗೆ ನಡುವೆ ಹೊಂದಾಣಿಕೆಯ ಚಿಕ್ಕ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲದಿದ್ದರೆ ಧ್ವನಿ ಕ್ಷೀಣವಾಗಿರುತ್ತದೆ. ಜೆಟಿ-30ರ ಹಳೆಯ ಕ್ರಿಸ್ಟಲ್ ಭಾಗ ರೋಶೆಲ್ ಲವಣದಿಂದ ಮಾಡಿದ್ದು. ಅದು ಶಾಖ ಮತ್ತು ತೇವ ಎರಡಕ್ಕೂ ಹೆದರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡತಕ್ಕದ್ದಲ್ಲ.

ಶಕ್ತಿ ಮತ್ತು ಸ್ಪೀಕರ್

ವಾಟ್ ಸಂಖ್ಯೆಯ ಮೋಹ ಅನೇಕರನ್ನು ದಾರಿ ತಪ್ಪಿಸಿದೆ. 5 ವಾಟ್‌ನಿಂದ 50 ವಾಟ್‌ಗೆ ಏರಿದರೆ ಹೆಚ್ಚುವುದು 10 ಡೆಸಿಬಲ್ ಮಾತ್ರ. ಕಿವಿಗೆ ಅದು ಸುಮಾರು ಎರಡರಷ್ಟು ಜೋರೆನಿಸುತ್ತದೆ, ಹತ್ತರಷ್ಟಲ್ಲ. ಮನೆಯ ಅಭ್ಯಾಸಕ್ಕೆ 8 ಅಂಗುಲದ ಒಂದೇ ಸ್ಪೀಕರುಳ್ಳ, 5 ವಾಟ್‌ನ ವಾಲ್ವ್ ಆಂಪ್ಲಿಫೈಯರ್ ಬೇಕಾದಷ್ಟಾಯಿತು. ಫೆಂಡರ್ ಸಂಸ್ಥೆಯ 'ಚಾಂಪ್' ಈ ವರ್ಗದ್ದು. ಚಿಕ್ಕ ಸಭಾಂಗಣದಲ್ಲಿ ಇದರ ಮುಂದೆ ಇನ್ನೊಂದು ಮೈಕನ್ನಿಟ್ಟು ಸಭೆಯ ಧ್ವನಿವರ್ಧಕಕ್ಕೆ ಕೊಟ್ಟರೆ ದನಿ ಕೆಡದೆ ಎಲ್ಲರಿಗೂ ತಲುಪುತ್ತದೆ. ಡ್ರಮ್ ಇರುವ ತಂಡದಲ್ಲಿ ತನ್ನ ಶಕ್ತಿಯಿಂದಲೇ ಕೇಳಿಸಬೇಕಾದರೆ 20ರಿಂದ 40 ವಾಟ್ ಬೇಕಾದೀತು.

ಈ ಎರಡನೆಯ ವರ್ಗದ ಆದರ್ಶವೆಂದು ಎಣಿಸಲ್ಪಡುವುದು ಫೆಂಡರ್ 'ಬ್ಯಾಸ್‌ಮನ್', ಅದರಲ್ಲೂ 10 ಅಂಗುಲದ ನಾಲ್ಕು ಸ್ಪೀಕರುಗಳುಳ್ಳ 1950ರ ದಶಕದ ಕೊನೆಯ ಮಾದರಿ. ಬಾಸ್ ಗಿಟಾರಿಗೆಂದು ತಯಾರಾದ ಈ ಪೆಟ್ಟಿಗೆ ಹಾರ್ಮೋನಿಕಾದಿಂದ ಹೊಸ ಬಾಳು ಪಡೆದದ್ದು ವಿನೋದದ ಸಂಗತಿ. 'ಜ್ಯೂಕ್' ಈ ಆಂಪ್ಲಿಫೈಯರಿನ ದನಿ ಎಂದು ಭಾವಿಸಿದರೆ ತಪ್ಪಾದೀತು. ನಾಲ್ಕು ಸ್ಪೀಕರಿನ ಬ್ಯಾಸ್‌ಮನ್ ಬಂದದ್ದೇ ಆ ಧ್ವನಿಮುದ್ರಣದ ನಂತರ.

ವಾಲ್ವ್ ಬದಲಾವಣೆ

ಕೈಯಲ್ಲಿರುವ ಗಿಟಾರ್ ಆಂಪ್ಲಿಫೈಯರ್ ಬೇಗನೆ ಕೂಗುತ್ತಿದ್ದರೆ ಅದನ್ನು ಮಾರುವ ಮೊದಲು ಮಾಡಬಹುದಾದ ಅಗ್ಗದ ಪ್ರಯೋಗವೊಂದಿದೆ. ಸಾಮಾನ್ಯವಾಗಿ ಮೊದಲ ಹಂತದಲ್ಲಿರುವುದು 12ಎಎಕ್ಸ್7 ವಾಲ್ವ್. ಯುರೋಪಿನಲ್ಲಿ ಇದರ ಹೆಸರು ಇಸಿಸಿ83. ಇದರ ವರ್ಧನಾಂಕ 100. ಅದೇ ಸಾಕೆಟ್ಟಿಗೆ ಹೊಂದುವ 12ಎವೈ7 ವಾಲ್ವಿನದು ಸುಮಾರು 44, 12ಎಯು7 ವಾಲ್ವಿನದು ಸುಮಾರು 20. ಮೊದಲ ವಾಲ್ವನ್ನು ಹೀಗೆ ಬದಲಿಸಿದರೆ ಕೂಗು ಹಿಂದೆ ಸರಿದು, ಗುಂಡಿಯನ್ನು ಇನ್ನಷ್ಟು ತಿರುಗಿಸಲು ಅವಕಾಶವಾಗುತ್ತದೆ. ಬ್ಯಾಸ್‌ಮನ್‌ನ ಹಳೆಯ ಮಾದರಿಯಲ್ಲಿ ಮೂಲತಃ 12ಎವೈ7 ಇದ್ದುದೇ ಅದು ಹಾರ್ಮೋನಿಕಾಕ್ಕೆ ಒಗ್ಗಿದ್ದರ ಕಾರಣಗಳಲ್ಲಿ ಒಂದು.

ಪ್ಲಗ್ ತೆಗೆದು, ವಾಲ್ವ್ ತಣ್ಣಗಾದ ಮೇಲೆ ಹೊರಗಿನಿಂದಲೇ ಅದನ್ನು ಬದಲಿಸಬಹುದು. ಆದರೆ ಪೆಟ್ಟಿಗೆಯ ಒಳಭಾಗವನ್ನು ಬಿಚ್ಚಕೂಡದು. ಒಳಗಿನ ಕೆಪಾಸಿಟರುಗಳು ವಿದ್ಯುತ್ ನಿಲ್ಲಿಸಿದ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲವು, ಪ್ರಾಣಾಪಾಯ ಸಂಭವ. ಅದು ತಿಳಿದ ಮೆಕ್ಯಾನಿಕ್ಕಿನ ಕೆಲಸ.

ಬೆಂಗಳೂರಿನ ಸಂದರ್ಭ

ವಾಲ್ವ್ ಬೆಂಗಳೂರಿಗೆ ಹೊಸದಲ್ಲ. 1954ರಲ್ಲಿ ಸ್ಥಾಪನೆಯಾದ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತು. ಚಿಕ್ಕ ಗಿಟಾರ್ ಆಂಪ್ಲಿಫೈಯರ್‌ಗಳಲ್ಲೂ ಕಾಣುವ ಇಎಲ್84 ಅವುಗಳಲ್ಲಿ ಒಂದು. ವಾಲ್ವ್ ರೇಡಿಯೋ ಬಿಸಿಯಾಗುವುದನ್ನು ಕಾದು ವಾರ್ತೆ ಕೇಳಿದ ತಲೆಮಾರಿಗೆ ಈ ತಂತ್ರ ಅಪರಿಚಿತವೆನಿಸದು. ಕೇಬಲ್, ಕನೆಕ್ಟರ್, ಸ್ಪೀಕರ್, ಟ್ರಾನ್ಸ್‌ಫಾರ್ಮರುಗಳಿಗೆ ನಗರದ ಎಸ್.ಪಿ. ರಸ್ತೆಯ ಅಂಗಡಿಸಾಲು ಇಂದಿಗೂ ಆಶ್ರಯ. 2023ರಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ಣಗೊಂಡ ಮೇಲೆ ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ ಬಂದು, ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಗಿಳಿದು ಅಲ್ಲಿಗೆ ಹೋಗುವುದು ಸುಲಭವಾಗಿದೆ.

ಕಾಡುಗೋಡಿ, ವೈಟ್‌ಫೀಲ್ಡ್ ಭಾಗದ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಕೆಲವರು ಅಮೆರಿಕದಿಂದ ಹಿಂತಿರುಗುವಾಗ ಆಂಪ್ಲಿಫೈಯರ್ ತರುವುದುಂಟು. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ಕೇವಲ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ನೇರವಾಗಿ ಚುಚ್ಚಿದರೆ ಅದೃಷ್ಟವಿದ್ದಲ್ಲಿ ಫ್ಯೂಸ್, ಇಲ್ಲವಾದಲ್ಲಿ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಹಿಂಭಾಗದ ಫಲಕದಲ್ಲಿ ನಮೂದಿಸಿದ ವೋಲ್ಟೇಜನ್ನು ಮೊದಲು ಓದಿ, ಅಗತ್ಯವಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಬೇಕು. ಅದರ ಸಾಮರ್ಥ್ಯ ಆಂಪ್ಲಿಫೈಯರ್ ಎಳೆಯುವ ವಿದ್ಯುತ್ತಿನ ಎರಡರಷ್ಟಾದರೂ ಇರುವುದು ಕ್ಷೇಮ. ಇದರಿಂದ ವೋಲ್ಟ್ ಇಳಿಯುತ್ತದೆಯೇ ಹೊರತು ಹರ್ಟ್ಸ್ ಬದಲಾಗದು. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಹಳೆಯ ಪೆಟ್ಟಿಗೆಗಳು ಇಲ್ಲಿ ಹೆಚ್ಚು ಬಿಸಿಯಾಗುತ್ತವೆ. ಕರೆಂಟ್ ಹೋದಾಗ ಚೌಕ ತರಂಗದ ಅಗ್ಗದ ಇನ್ವರ್ಟರಿನಲ್ಲಿ ನುಡಿಸಿದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ.

ಅಪಾರ್ಟ್‌ಮೆಂಟ್ ವಾಸಿಗಳಿಗೆ ಇನ್ನೊಂದು ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮೀರುವಂತಿಲ್ಲ. 5 ವಾಟ್‌ನ ವಾಲ್ವ್ ಕೂಡ ಒಡಕು ಬರುವಷ್ಟು ತಿರುಗಿಸಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ವಾಲ್ವಿನ ದನಿಯನ್ನು ಅನುಕರಿಸುವ, ಹೆಡ್‌ಫೋನ್ ಜೋಡಿಸಬಹುದಾದ ಡಿಜಿಟಲ್ ಆಂಪ್ಲಿಫೈಯರ್‌ಗಳು ರಾತ್ರಿಯ ಅಭ್ಯಾಸಕ್ಕೆ ಉಪಯುಕ್ತ. ವಾಲ್ವ್ ಪಕ್ಷಪಾತಿಗಳು ಒಪ್ಪದಿದ್ದರೂ ನೆರೆಹೊರೆಯವರು ಒಪ್ಪುತ್ತಾರೆ.

ಕೊಳ್ಳುವ ಮುನ್ನ ಪರೀಕ್ಷೆ

ಅಂಗಡಿಗೆ ಸ್ವಂತ ಹಾರ್ಮೋನಿಕಾ ಮತ್ತು ಮೈಕನ್ನು ಒಯ್ಯಬೇಕು. ಮಾರುವವರು ಗಿಟಾರ್ ನುಡಿಸಿ ತೋರಿಸಿದ್ದು ಪ್ರಮಾಣವಲ್ಲ. ಟ್ರೆಬಲ್ ಪೂರ್ತಿ ಇಳಿಸಿ, ಬಾಸ್ ಏರಿಸಿ, ರಿವರ್ಬ್ ನಿಲ್ಲಿಸಬೇಕು. ಸ್ಪೀಕರಿಗೆ ಬೆನ್ನು ಮಾಡದೆ ಪಕ್ಕಕ್ಕೆ ನಿಂತು, ಮೈಕನ್ನು ಬೊಗಸೆಯಲ್ಲಿ ಗಾಳಿ ಸೋರದಂತೆ ಹಿಡಿದು, ವಾಲ್ಯೂಮನ್ನು ಕೂಗು ಬರುವವರೆಗೆ ನಿಧಾನವಾಗಿ ಏರಿಸಿ, ಬಂದೊಡನೆ ತುಸು ಇಳಿಸಬೇಕು. ಆ ಬಿಂದುವಿನಲ್ಲಿ ಎರಡನೆಯ ರಂಧ್ರದ ಸ್ವರವನ್ನು ಉಸಿರು ಒಳಗೆಳೆದು ನುಡಿಸಬೇಕು. ಮೆಲ್ಲಗೆ ನುಡಿಸಿದಾಗ ಸ್ವರ ತಿಳಿಯಾಗಿಯೂ ಒತ್ತಿ ನುಡಿಸಿದಾಗ ಗೊಗ್ಗರಾಗಿಯೂ ಬಂದರೆ ಆ ಆಂಪ್ಲಿಫೈಯರ್ ಪರಿಗಣನೆಗೆ ಯೋಗ್ಯ. ಎರಡೂ ಬಗೆಯಲ್ಲಿ ಒಂದೇ ರೀತಿ ಕೇಳಿಸಿದರೆ, ಅಥವಾ ಒಡಕು ಬರುವ ಮೊದಲೇ ಕೂಗಿದರೆ, ಬೆಲೆ ಎಷ್ಟೇ ಇರಲಿ ಅದನ್ನು ಗಿಟಾರ್ ವಾದಕರಿಗೇ ಬಿಡಬಹುದು.