ಒಂದೇ ಕೋಡ್, ಎರಡು ಲ್ಯಾಪ್‌ಟಾಪ್: ವಿಜ್ಞಾನದ ಸಾಫ್ಟ್‌ವೇರ್‌ನಲ್ಲಿ ವರ್ಷನ್ ಜಗಳದ ಮೂವತ್ತು ವರ್ಷ

ಹೊಳೆಆಲೂರಿಂದ ಮಾತಾಡ್ತಿದ್ದೀನಿ. ಹಿಂದೆ ರೈಲಿನ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದ್ಕೊಳ್ಳಿ, ಇವತ್ತಿನ ಕಥೆಯಲ್ಲಿ ಆ ರೈಲಿಗೂ ಒಂದು ಪಾತ್ರ ಇದೆ.

ಕಥೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮ ಚಿಕ್ಕಪ್ಪನ ಮಗ ಎಂ.ಎಸ್ಸಿ. ಓದ್ತಿದ್ದಾನೆ. ಮಲಪ್ರಭಾ ತೀರದ ಮಳೆ ಲೆಕ್ಕ ಅವನ ಪ್ರಾಜೆಕ್ಟ್. 2009ರ ನೆರೆ, 2019ರ ನೆರೆ ಎರಡನ್ನೂ ನೋಡಿದ ನಮ್ಮ ಕಡೆಯವರಿಗೆ ಇದು ಬರೀ ಮಾರ್ಕ್ಸಿನ ವಿಷಯ ಅಲ್ಲ. ಪ್ರಾಜೆಕ್ಟ್ ಕೊಡೋಕೆ ಒಂಬತ್ತು ದಿನ ಇರುವಾಗ ಫೋನ್ ಮಾಡಿದ: "ಅಣ್ಣಾ, ಹಳೇ ಲ್ಯಾಪ್‌ಟಾಪ್‌ನ್ಯಾಗ ಓಡ್ತಿದ್ದ ಕೋಡ್ ಹೊಸಾದ್ರಾಗ ಓಡವಲ್ದು. ಒಂದಕ್ಷರಾನೂ ಬದಲಿ ಮಾಡಿಲ್ಲ."

ನಾನು ಬಿ.ಕಾಂ. ಹುಡುಗ. ಪಾಡ್‌ಕಾಸ್ಟ್ ಎಡಿಟಿಂಗ್‌ಗೋಸ್ಕರ ಒಂಚೂರು ಪೈಥಾನ್ ಕಲಿತವನು. ಆದ್ರೂ ಸ್ಕ್ರೀನ್ ಮೇಲಿದ್ದ ದೂರು ಅರ್ಥ ಆಯ್ತು. ಅವನ ಕೋಡ್ ಎರಡು ಪ್ಯಾಕೇಜ್ ಬಳಸ್ತಿತ್ತು. ಮಳೆ ಲೆಕ್ಕದ ಪ್ಯಾಕೇಜು "ನನಗೆ ನಂಪೈ 1 ಬೇಕು" ಅಂತಿತ್ತು. ನಕಾಶೆ ಬಿಡಿಸೋ ಪ್ಯಾಕೇಜು "ನಂಪೈ 2 ಇಲ್ಲದಿದ್ರೆ ನಾನು ಬರಲ್ಲ" ಅಂತಿತ್ತು. ಒಂದು ಜಾಗದಲ್ಲಿ ಒಂದೇ ನಂಪೈ ಇರೋಕೆ ಸಾಧ್ಯ. ಇದಕ್ಕೇ ಡಿಪೆಂಡೆನ್ಸಿ ಕಾನ್‌ಫ್ಲಿಕ್ಟ್ ಅನ್ನೋದು.

ಹಳಿಯ ಪಾಠ

ಈಗ ರೈಲಿಗೆ ಬರೋಣ. ಗದಗದಿಂದ ಹೊಳೆಆಲೂರು, ಬಾದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಸೊಲ್ಲಾಪುರದ ಹತ್ತಿರದ ಹೊಟಗಿಗೆ ಹೋಗೋ ಹಳಿಯನ್ನ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್ ಗೇಜ್‌ನಲ್ಲಿ. ಅಂದ್ರೆ ಹಳಿಗಳ ನಡುವೆ 1000 ಮಿಲಿಮೀಟರ್. ಹೊಟಗಿಯಲ್ಲಿ ಅದು ಸೇರ್ತಿದ್ದಿದ್ದು ಮುಂಬೈ ಕಡೆಯ ಬ್ರಾಡ್ ಗೇಜ್‌ಗೆ, ಅಲ್ಲಿ 1676 ಮಿಲಿಮೀಟರ್. ಎರಡೂ ರೈಲೇ, ಎರಡೂ ಗಟ್ಟಿಮುಟ್ಟು. ಆದ್ರೆ ಇದರ ವ್ಯಾಗನ್ ಅದರ ಹಳಿ ಮೇಲೆ ಹೋಗಲ್ಲ. ಮುಂಬೈಗೆ ಹೋಗಬೇಕಾದ ಸರಕನ್ನ ಅಲ್ಲಿ ಇಳಿಸಿ, ಬೇರೆ ವ್ಯಾಗನ್‌ಗೆ ಹೇರಬೇಕಿತ್ತು.

ಪರಿಹಾರಕ್ಕೆ ಎರಡೇ ದಾರಿ. ಒಂದು, ಎರಡನ್ನೂ ಬೇರೆ ಬೇರೆ ಇಟ್ಟು ನಡುವೆ ಹಮಾಲಿ ಮಾಡೋದು. ಇನ್ನೊಂದು, ಎಲ್ಲರೂ ಒಂದೇ ಗೇಜ್‌ಗೆ ಒಪ್ಪೋದು. 1992ರಲ್ಲಿ ಭಾರತೀಯ ರೈಲ್ವೆ ಯೂನಿಗೇಜ್ ಯೋಜನೆ ಶುರು ಮಾಡ್ತು, ಮುಂದೆ ನಮ್ಮ ಹಳಿಯೂ ಬ್ರಾಡ್ ಗೇಜ್ ಆಯ್ತು. ಸಾಫ್ಟ್‌ವೇರ್ ಜಗತ್ತು ಕೂಡ ಈ ಎರಡೂ ದಾರಿ ತುಳಿದಿದೆ.

ಎರಡು ಪಂಗಡ, ಒಬ್ಬ ಮೇಷ್ಟ್ರು

1995ರಲ್ಲಿ ಎಂಐಟಿಯ ವಿದ್ಯಾರ್ಥಿ ಜಿಮ್ ಹ್ಯೂಗುನಿನ್ ಮತ್ತು ಗೆಳೆಯರು ಪೈಥಾನ್‌ಗೆ 'ನ್ಯೂಮೆರಿಕ್' ಅನ್ನೋ ಲೆಕ್ಕದ ಪ್ಯಾಕೇಜ್ ಕಟ್ಟೋಕೆ ಶುರು ಮಾಡಿದ್ರು. ಸಾಲುಸಾಲು ಅಂಕಿಗಳನ್ನ ಒಟ್ಟಿಗೆ ಕೂಡೋದು, ಗುಣಿಸೋದು ಅದರ ಕೆಲಸ. ಹಬಲ್ ದೂರದರ್ಶಕದ ವಿಜ್ಞಾನ ಕೆಲಸ ನೋಡ್ಕೊಳ್ಳೋ ಅಮೆರಿಕದ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನವರಿಗೆ ಅದು ಸಾಲಲಿಲ್ಲ. ಆಕಾಶದ ಫೋಟೋಗಳು ದೊಡ್ಡವು. ಅವರು 'ನಮ್‌ಅರೇ' ಅಂತ ತಮ್ಮದೇ ಪ್ಯಾಕೇಜ್ ಬರೆದ್ರು.

ಈಗ ತಮಾಷೆ ನೋಡಿ. ದೊಡ್ಡ ಲೆಕ್ಕಕ್ಕೆ ನಮ್‌ಅರೇ ಚೆನ್ನಾಗಿತ್ತು, ಸಣ್ಣ ಲೆಕ್ಕಕ್ಕೆ ನ್ಯೂಮೆರಿಕ್ ಚುರುಕಾಗಿತ್ತು. 2001ರಲ್ಲಿ ಬಂದ ಸೈಪೈ ಅನ್ನೋ ದೊಡ್ಡ ವಿಜ್ಞಾನ ಗ್ರಂಥಾಲಯ ನ್ಯೂಮೆರಿಕ್ ಮೇಲೆ ನಿಂತಿತ್ತು, ಖಗೋಳದವರ ಸಲಕರಣೆ ನಮ್‌ಅರೇ ಮೇಲೆ. ಹೊಟಗಿ ಸ್ಟೇಷನ್ ಕಂಪ್ಯೂಟರ್ ಒಳಗೇ ಬಂದ ಹಾಗಾಯ್ತು.

2005ರಲ್ಲಿ ಇದನ್ನ ಬಗೆಹರಿಸೋಕೆ ಕೂತವರು ಟ್ರಾವಿಸ್ ಆಲಿಫಂಟ್. ಆಗ ಅವರು ಬ್ರಿಗಂ ಯಂಗ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು, ಸೈಪೈ ಕಟ್ಟಿದವರಲ್ಲಿ ಒಬ್ಬರು. ನ್ಯೂಮೆರಿಕ್‌ನ ಅಡಿಪಾಯ ತಗೊಂಡು, ನಮ್‌ಅರೇಯ ಒಳ್ಳೇ ಗುಣಗಳನ್ನ ಅದಕ್ಕೆ ಸೇರಿಸಿದ್ರು. 2006ರ ಅಕ್ಟೋಬರ್‌ನಲ್ಲಿ ಬಂತು ನಂಪೈ 1.0. ಎರಡೂ ಪಂಗಡದವರು ತಮ್ಮ ಹಳೇ ಕೋಡ್ ಒಂದಿಷ್ಟು ತಿದ್ದಬೇಕಾಯ್ತು. ಪೂರ್ತಿ ಗೆದ್ದವರು ಯಾರೂ ಇಲ್ಲ. ಆದ್ರೆ ಆ ಒಪ್ಪಂದ ಹತ್ತಿರ ಹತ್ತಿರ 18 ವರ್ಷ ಬಾಳಿತು. 2019ರಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದೆಯೂ ನಂಪೈ ಇತ್ತು.

ಮದುವೆ ದಿನ ಗೊತ್ತು ಮಾಡೋದು

ಗೇಜ್ ಒಂದಾದ್ರೂ ಜಗಳ ಮುಗೀಲಿಲ್ಲ, ಯಾಕಂದ್ರೆ ಪ್ಯಾಕೇಜ್‌ಗಳು ಸಾವಿರಾರು. ಒಂದೊಂದರದ್ದೂ ಒಂದೊಂದು ಷರತ್ತು.

ಮನೇಲಿ ಮದುವೆ ದಿನ ಗೊತ್ತು ಮಾಡಿದ್ದು ನೆನಪಿಸ್ಕೊಳ್ಳಿ. ಸೋದರಮಾವನಿಗೆ ಸೋಮವಾರ ಆಗಲ್ಲ. ಬೀಗರಿಗೆ ಹದಿನೈದನೇ ತಾರೀಖಿನ ಒಳಗೆ ಬೇಕು. ಕಲ್ಯಾಣ ಮಂಟಪ ಖಾಲಿ ಇರೋದೇ ಮೂರು ದಿನ, ಅದರಲ್ಲಿ ಮುಹೂರ್ತ ಇರೋದು ಒಂದೇ ದಿನ. ಐದು ಜನರಿದ್ರೆ ಹೆಂಗೋ ನಡೆಯುತ್ತೆ. ಐನೂರು ಜನರ ಷರತ್ತು ಇದ್ರೆ? 2006ರಲ್ಲಿ ಯುರೋಪಿನ ಸಂಶೋಧಕರು ಗಣಿತದಿಂದಲೇ ತೋರಿಸಿದ್ರು: ಪ್ಯಾಕೇಜ್‌ಗಳ ಷರತ್ತು ಹೊಂದಿಸೋ ಸಮಸ್ಯೆ ಕಂಪ್ಯೂಟರ್ ವಿಜ್ಞಾನದ ಅತಿ ಕಷ್ಟದ ಗುಂಪಿಗೆ ಸೇರಿದ್ದು. ಎಲ್ಲಾ ಸಂದರ್ಭಕ್ಕೂ ಬೇಗ ಉತ್ತರ ಕೊಡೋ ಉಪಾಯ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಜನ ಮೊದಲ ದಾರಿಗೂ ಹೋದ್ರು, ಬೇರೆ ಬೇರೆ ಇಡೋದು. ಇಯಾನ್ ಬಿಕಿಂಗ್ ಅನ್ನೋವರು 2007ರಲ್ಲಿ ವರ್ಚುವಲ್‌ಎನ್ವ್ ಕೊಟ್ರು: ಪ್ರತಿ ಪ್ರಾಜೆಕ್ಟಿಗೂ ಅದರದೇ ಅಡುಗೆಮನೆ, ಅದರದೇ ಡಬ್ಬಿಗಳು. ಮರುವರ್ಷ ಪ್ಯಾಕೇಜ್ ತಂದು ಹಾಕೋ ಪಿಪ್ ಕೊಟ್ರು. 2012ರಲ್ಲಿ ಆಲಿಫಂಟ್ ಅವರ ಕಂಪನಿಯಿಂದ ಕೊಂಡಾ ಬಂತು. ವಿಜ್ಞಾನದ ಪ್ಯಾಕೇಜ್‌ಗಳ ಅಡಿಯಲ್ಲಿರೋ ಸಿ, ಫೋರ್ಟ್ರಾನ್ ಭಾಷೆಯ ತುಂಡುಗಳನ್ನೂ ಅದು ಹೊಂದಿಸ್ತಿತ್ತು.

ಪಿಪ್‌ನಲ್ಲಿ ಒಂದು ದೋಷ ಬಹಳ ವರ್ಷ ಉಳೀತು. ಮೊದಲು ಬಂದವರ ಷರತ್ತು ಕೇಳಿ, ಆಮೇಲೆ ಬಂದವರ ಷರತ್ತು ಬಿಟ್ಟುಬಿಡ್ತಿತ್ತು. ಸೋದರಮಾವನನ್ನ ಕೇಳಿ ದಿನ ಗೊತ್ತು ಮಾಡಿ, ಬೀಗರಿಗೆ ಹೇಳದೇ ಇದ್ದ ಹಾಗೆ. ಸರಿಯಾದ ಲೆಕ್ಕದ ಹೊಸ ಎಂಜಿನ್ ಬಂದಿದ್ದು 2020ರ ನವೆಂಬರ್ ಕೊನೆಗೆ. ಅದಕ್ಕೆ ಮೊಜಿಲ್ಲಾ ಮತ್ತು ಚಾನ್ ಜುಕರ್‌ಬರ್ಗ್ ಇನಿಶಿಯೇಟಿವ್ ಸೇರಿ ಕೊಟ್ಟ ಹಣ 4,07,000 ಡಾಲರ್. ಕಾಮರ್ಸ್ ಓದಿದವನಾಗಿ ಈ ಅಂಕಿ ನನಗೆ ಮುಖ್ಯ. ಲಕ್ಷಾಂತರ ಜನ ಫುಕ್ಕಟೆ ಬಳಸೋ ಒಂದು ಸಲಕರಣೆ ರಿಪೇರಿಗೆ ಯಾರೋ ಕೈಯಿಂದ ದುಡ್ಡು ಹಾಕಬೇಕಾಯ್ತು.

ಓಡದಿದ್ರೆ ಪುಣ್ಯ

"ಎರರ್ ಬಂದ್ರೆ ಸರಿ ಮಾಡ್ಕೊಂಡ್ರಾಯ್ತು ಬಿಡಿ" ಅನ್ನಬಹುದು. ನಿಜವಾದ ಭಯ ಎರರ್ ಬರದೇ ಇದ್ದಾಗ. ಪೈಥಾನ್ 2ರಲ್ಲಿ 7 ಅನ್ನು 2ರಿಂದ ಭಾಗಿಸಿದ್ರೆ 3 ಬರ್ತಿತ್ತು, ಪೈಥಾನ್ 3ರಲ್ಲಿ 3.5. ಎರಡರಲ್ಲೂ ಕೋಡ್ ಸುಮ್ಮನೆ ಓಡುತ್ತೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವೇ ಮೆದುಳಿನ ಸ್ಕ್ಯಾನ್‌ಗಳನ್ನ ಫ್ರೀಸರ್ಫರ್ ಅನ್ನೋ ಸಾಫ್ಟ್‌ವೇರ್‌ನ ಬೇರೆ ಬೇರೆ ವರ್ಷನ್‌ನಲ್ಲಿ ಅಳೆದ್ರು. ಮೆದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ 8.8ರಷ್ಟು ವ್ಯತ್ಯಾಸ ಬಂತು. ಅದೇ ರೋಗಿ, ಅದೇ ಸ್ಕ್ಯಾನ್.

2024ರ ಜೂನ್ 16ರಂದು ನಂಪೈ 2.0 ಬಂತು. 2006ರ ನಂತರ ಅದೇ ಮೊದಲ ದೊಡ್ಡ ಬದಲಾವಣೆ. ಬೇರೆ ಬೇರೆ ಬಗೆಯ ಅಂಕಿ ಕೂಡಿಸಿದಾಗ ಉತ್ತರದಲ್ಲಿ ಎಷ್ಟು ನಿಖರತೆ ಉಳೀಬೇಕು ಅನ್ನೋ ನಿಯಮವೂ ಕೆಲವು ಕಡೆ ಬದಲಾಯ್ತು. ಹಳೇ ನಂಪೈಗೆ ಕಟ್ಟಿದ ಎಷ್ಟೋ ಪ್ಯಾಕೇಜ್‌ಗಳು ಹೊಸದರ ಜೊತೆ ಓಡಲ್ಲ ಅಂದವು. ನಮ್ಮ ಹುಡುಗ ಸಿಕ್ಕಿಬಿದ್ದಿದ್ದು ಇಲ್ಲೇ.

ಹಳೇ ಲ್ಯಾಪ್‌ಟಾಪ್

ಅವನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಹಳೇದ್ರಾಗ ಯಾವ ವರ್ಷನ್ ಇತ್ತೋ?" ಸುಮ್ಮನಾದ. ಬರೆದಿಟ್ಟಿರಲಿಲ್ಲ. ಮಳೆಯ ಅಂಕಿ ಎಲ್ಲಿಂದ ತಂದೆ, ಯಾವ ಸೂತ್ರ ಬಳಸಿದೆ, ಎಲ್ಲಾ ಬರೆದಿದ್ದ. ಲೆಕ್ಕ ಮಾಡಿದ ಸಲಕರಣೆ ಯಾವುದು ಅಂತ ಮಾತ್ರ ಇಲ್ಲ.

ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು. ಬ್ಯಾಟರಿ ಸತ್ತಿತ್ತು, ಚಾರ್ಜರ್ ಹಚ್ಚಿಟ್ಟರೆ ಮಾತ್ರ ಜೀವ. 'ಪಿಪ್ ಫ್ರೀಜ್' ಅಂತ ಒಂದು ಕಮಾಂಡ್ ಹೊಡೆದ್ವಿ. ಪ್ರತಿ ಪ್ಯಾಕೇಜಿನ ಹೆಸರು, ಅದರ ಮುಂದೆ ವರ್ಷನ್, ಪಟ್ಟಿ ಬಂತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಬೇರೆ ಅಡುಗೆಮನೆ ಮಾಡಿ, ಅದೇ ಪೈಥಾನ್, ಅವೇ ವರ್ಷನ್ ಹಾಕಿದ್ವಿ. ನಕಾಶೆ ಪ್ಯಾಕೇಜು ಹಳೇದು ಅಂದ್ರೆ ಒಂದೆರಡು ಚಂದದ ಸೌಲಭ್ಯ ಹೋದವು, ಹೋಗಲಿ. ಎರಡೂ ಯಂತ್ರದ ಉತ್ತರ ತಾಳೆ ಹಾಕಿದ್ವಿ. ಕೊನೇ ದಶಾಂಶದ ತನಕ ಒಂದೇ.

ಲೆಡ್ಜರ್ ಬರೆಯೋರಿಗೆ ಇದು ಹೊಸದಲ್ಲ. ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಒಪ್ಪಲ್ಲ. ನೀವು ಪ್ರಾಜೆಕ್ಟ್ ಮಾಡ್ತಿದ್ರೆ ಇವತ್ತೇ ಆ ಕಮಾಂಡ್ ಹೊಡೀರಿ, ಪಟ್ಟಿಯನ್ನ ಕೋಡ್ ಜೊತೆಗೇ ಇಡಿ, ಪೈಥಾನ್ ವರ್ಷನ್ನೂ ಬರೀರಿ. ಎರಡು ನಿಮಿಷದ ಕೆಲಸ.

ನಮ್ಮ ಹುಡುಗನ ಪಟ್ಟಿ ಈಗ ಪ್ರಾಜೆಕ್ಟಿನ ಕೊನೇ ಪುಟದಲ್ಲಿದೆ. ಗೈಡ್ ಕೇಳಿದ್ರಂತೆ, "ಇದ್ಯಾಕಪ್ಪಾ ಹಾಕೀದಿ?" ಅಂತ. "ಮುಂದಿನ ವರ್ಷ ಯಾರರ ಇದೇ ಲೆಕ್ಕ ಮತ್ತ ಮಾಡಿ ನೋಡಬೇಕಂದ್ರ ಬೇಕಾಗ್ತೈತ್ರಿ ಸರ್" ಅಂದನಂತೆ.

ಇವತ್ತಿಗೆ ಇಷ್ಟು. ನಿಮ್ಮ ಕೋಡ್ ಎಲ್ಲಿ ಹಳಿ ತಪ್ಪಿತ್ತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಮತ್ತೆ ಸಿಗೋಣ್ರೀ.