ಬಾಡಿಗೆ ಮನೆಗೆ ಎಸಿ: ಅಂಗಡಿಗೆ ಹೋಗೋ ಮುಂಚೆ ಗೋಡೆ, ವೈರ್, ಓನರ್ ಮೂರನ್ನೂ ವಿಚಾರಿಸಿ

ಬೆಂಗಳೂರು: 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ‘ಬೆಂಗಳೂರಿಗೆ ಫ್ಯಾನೇ ಜಾಸ್ತಿ’ ಅಂತಿದ್ದ ಹಳೇ ಕಾಲದ ಮಾತು ರಾಜಾಜಿನಗರ, ವಿಜಯನಗರದ ಮೂರನೇ ಮಹಡಿಯಲ್ಲಿ ಮಲಗುವವರಿಗೆ ಈಗ ಒಪ್ಪುವುದಿಲ್ಲ. ಆದರೆ ಬಾಡಿಗೆ ಮನೆಯಲ್ಲಿರುವವರು ಎಸಿ ಕೊಳ್ಳೋದು ಸ್ವಂತ ಮನೆಯವರು ಕೊಂಡಷ್ಟು ಸುಲಭವಲ್ಲ. ಗೋಡೆ ತಮ್ಮದಲ್ಲ, ಮೀಟರ್ ತಮ್ಮ ಹೆಸರಲ್ಲಿಲ್ಲ, 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಅದೇ ಮನೆಯಲ್ಲಿ ಇರ್ತಾರೋ ಇಲ್ಲವೋ ಗೊತ್ತಿಲ್ಲ.

ಹಾಗಾಗಿ ಯಾವ ಬ್ರ್ಯಾಂಡ್ ಎಂಬ ಪ್ರಶ್ನೆ ಕೊನೆಗೆ ಬರಲಿ. ಮೊದಲು ನೋಡಬೇಕಾದ್ದು ಮನೆ.

ಬಿಸಿ ಎಲ್ಲಿಂದ ಬರ್ತಿದೆ?

ಪಶ್ಚಿಮ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬಹುಪಾಲು 20x30, 30x40 ಸೈಟುಗಳಲ್ಲಿ ಎದ್ದ ಮಹಡಿ ಮನೆಗಳು. ಕೆಳಗೆ ಓನರ್, ಮೇಲೆ ಬಾಡಿಗೆದಾರರು. ಮಧ್ಯದ ಮಹಡಿಯ ಮನೆಗೆ ಮೇಲೂ ಕೆಳಗೂ ಇನ್ನೊಂದು ಮನೆ ಇರುವುದರಿಂದ ಅಷ್ಟಾಗಿ ಕಾಯುವುದಿಲ್ಲ. ತೊಂದರೆ ಇರೋದು ಟೆರೇಸ್ ಕೆಳಗಿನ ಮನೆಗೆ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಮೋಲ್ಡು ರಾತ್ರಿ ಹನ್ನೊಂದರ ತನಕ ಶಾಖ ಬಿಡುತ್ತಲೇ ಇರುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಬೇಯುವುದು ಇದೇ ಕಾರಣಕ್ಕೆ. ಪಶ್ಚಿಮದ ಗೋಡೆಗೆ ಅಡ್ಡ ಕಟ್ಟಡ ಇಲ್ಲದಿದ್ದರೆ ಇನ್ನೂ ಕಷ್ಟ.

ಇಂಥ ಮನೆಯಲ್ಲಿ ಎಸಿಗೆ ಮುಂಚೆ ಓನರ್ ಹತ್ತಿರ ಟೆರೇಸ್‌ಗೆ ಬಿಳಿ ಕೂಲ್ ರೂಫ್ ಪೇಂಟ್ ಇಲ್ಲವೇ ಸುಣ್ಣ ಬಳಿಸುವ ಮಾತಾಡಿ. ಖರ್ಚು ಅರ್ಧರ್ಧ ಅಂದರೆ ಒಪ್ಪುವವರು ಇದ್ದಾರೆ, ಏಕೆಂದರೆ ಮೋಲ್ಡಿನ ಆಯಸ್ಸಿಗೂ ಅದು ಒಳ್ಳೆಯದು. ಇಷ್ಟರಿಂದಲೇ ಕೆಲವರಿಗೆ ಎಸಿ ಆಸೆ ಬಿಟ್ಟುಹೋಗಬಹುದು. ಇಲ್ಲವಾದರೂ ಆಮೇಲೆ ಬರುವ ಎಸಿ ಕಡಿಮೆ ಕರೆಂಟು ತಿನ್ನುತ್ತದೆ. ಟೆರೇಸ್ ಮೇಲಿನ ಶೀಟ್ ಮನೆಯವರು ಮಾತ್ರ ಒಳಗೆ ಸೀಲಿಂಗ್ ಹಾಕಿಸದೆ ಎಸಿ ತರಲೇಬಾರದು. ತಣ್ಣಗಾದದ್ದೆಲ್ಲ ಶೀಟಿನ ಮೂಲಕವೇ ಹೋಗುತ್ತದೆ.

ಏರ್ ಕೂಲರ್ ಸಾಕಾಗುತ್ತಾ ಅಂತ ಕೇಳುವವರಿಗೆ: ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿನ ಗಾಳಿ ಒಣಗಿರುತ್ತದೆ, ಆಗ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದು ಕಿಟಕಿ ತೆರೆದೇ ಇರಬೇಕು ಅಷ್ಟೆ. ಮುಚ್ಚಿದ ರೂಮಿನಲ್ಲಿ ಕೂಲರ್ ಹಾಕಿದರೆ ಮೈ ಅಂಟಂಟು. ಮೇ ತಿಂಗಳ ಮಳೆ ಶುರುವಾದ ಮೇಲೆ ಅದರ ಆಟ ಮುಗಿಯಿತು.

ಸ್ಪ್ಲಿಟ್ಟೋ, ವಿಂಡೋನೋ, ಪೋರ್ಟಬಲ್ಲೋ?

ಬಾಡಿಗೆ ಮನೆಗೆ ವಿಂಡೋ ಎಸಿ ಸರಿ ಎಂದು ಇಂಟರ್‌ನೆಟ್ ತುಂಬ ಸಲಹೆ ಸಿಗುತ್ತದೆ. ಬಿಚ್ಚಿ ಹೊತ್ತೊಯ್ಯುವುದು ಸುಲಭ, ತಾಮ್ರದ ಪೈಪಿನ ರಗಳೆ ಇಲ್ಲ, ನಿಜ. ಆದರೆ ನಮ್ಮ ಕಡೆಯ ಕಿಟಕಿಗಳಿಗೆ ಚೌಕಟ್ಟಿಗೇ ಕೂಡಿಸಿದ ಕಬ್ಬಿಣದ ಗ್ರಿಲ್ ಇರುತ್ತದೆ. ಅದನ್ನು ಕತ್ತರಿಸಲು ಯಾವ ಓನರ್ ತಾನೇ ಒಪ್ಪುತ್ತಾರೆ? ಕಳ್ಳರ ಭಯವೂ ಸೇರಿತು. ಹಿಂದಿನ ಬಾಡಿಗೆದಾರರು ವಿಂಡೋ ಎಸಿಗೆಂದು ಜಾಗ ಮಾಡಿಸಿದ್ದರೆ ಮಾತ್ರ ಅದನ್ನು ಯೋಚಿಸಿ.

ಪೋರ್ಟಬಲ್ ಎಸಿಗೆ ಗೋಡೆ ಕೊರೆಯಬೇಕಿಲ್ಲ, ಚಕ್ರದ ಮೇಲೆ ತಳ್ಳಿಕೊಂಡು ಹೋಗಬಹುದು. ಆದರೆ ಬಿಸಿ ಗಾಳಿ ಹೊರಹಾಕಲು ಅದಕ್ಕೂ ಒಂದು ದಪ್ಪ ಪೈಪ್ ಇದೆ. ಕೆಂಗೇರಿ, ಮೈಸೂರು ರಸ್ತೆ ಕಡೆಯ ಹೊಸ ಅಪಾರ್ಟ್‌ಮೆಂಟುಗಳ ಸ್ಲೈಡಿಂಗ್ ಕಿಟಕಿಯಲ್ಲಿ ಗ್ರಿಲ್ ಅಡ್ಡ ಬರದಿದ್ದರೆ ಅದನ್ನು ಕೂರಿಸಬಹುದು. ರಾಜಾಜಿನಗರದ ಹಳೇ ಮನೆಯ ಮರದ ಬಾಗಿಲಿನ ಕಿಟಕಿಯಲ್ಲಿ ಪೈಪ್ ಇಟ್ಟು ಉಳಿದ ಸಂದು ಮುಚ್ಚುವುದು ದೊಡ್ಡ ಕೆಲಸ. ಕಂಪ್ರೆಸರ್ ರೂಮಿನೊಳಗೇ ಇರುವುದರಿಂದ ಸದ್ದು ಜಾಸ್ತಿ, ಅದೇ ತಂಪಿಗೆ ಕರೆಂಟೂ ಜಾಸ್ತಿ. ಗೋಡೆ ಮುಟ್ಟಲೇಬೇಡಿ ಎಂದು ಓನರ್ ಖಡಕ್ಕಾಗಿ ಹೇಳಿದವರಿಗೆ ಮಾತ್ರ ಇದು.

ಉಳಿದಂತೆ ಹೆಚ್ಚಿನವರಿಗೆ ಇನ್ವರ್ಟರ್ ಸ್ಪ್ಲಿಟ್ ಎಸಿಯೇ ಸರಿ. ಗೋಡೆಯಲ್ಲಿ ಎರಡೂವರೆ–ಮೂರು ಇಂಚಿನ ಒಂದೇ ತೂತು. ಕೋರ್ ಕಟಿಂಗ್ ಮಿಷನ್‌ನಲ್ಲಿ ಮಾಡಿಸಿದರೆ ಗಾರೆ ಉದುರುವುದಿಲ್ಲ, ಖಾಲಿ ಮಾಡುವಾಗ ಮುಚ್ಚಿಸುವುದೂ ಸುಲಭ.

ಅಳತೆಯ ವಿಚಾರ ಇಷ್ಟೇ. 10x11, 10x12ರ ಬೆಡ್‌ರೂಮಿಗೆ ಒಂದು ಟನ್ ಸಾಕು. ಟೆರೇಸ್ ಕೆಳಗಿನ ರೂಮು 140–150 ಚದರಡಿ ದಾಟಿದರೆ ಒಂದೂವರೆ ಟನ್. ಹಾಲ್ ಸೇರಿ ಇಡೀ ಮನೆ ತಣ್ಣಗಾಗಲಿ ಅಂತ ದೊಡ್ಡದು ತಂದವರು ಆಮೇಲೆ ಬಿಲ್ ನೋಡಿ ಎಸಿ ಆಫ್ ಮಾಡಿ ಕೂರುತ್ತಾರೆ.

ಓನರ್ ಹತ್ತಿರ ಏನೇನು ಮಾತಾಡಬೇಕು

ಬಾಯಿಮಾತಿನ ಒಪ್ಪಿಗೆ ಮನೆ ಖಾಲಿ ಮಾಡುವ ದಿನ ನೆನಪಿರುವುದಿಲ್ಲ. ಪೇಂಟಿಂಗ್ ಚಾರ್ಜ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಹೇಗೂ ರೂಢಿ. ಅದರ ಜೊತೆಗೆ ‘ಗೋಡೆ ಹಾಳು ಮಾಡಿದ್ದೀರಿ’ ಎಂಬ ಇನ್ನೊಂದು ಬಾಬ್ತು ಸೇರಬಾರದು. ತೂತು ಎಲ್ಲಿ, ಹೊರಗಿನ ಯೂನಿಟ್ ಎಲ್ಲಿ, ಬಿಟ್ಟು ಹೋಗುವಾಗ ಯಾರು ಮುಚ್ಚಿಸಬೇಕು ಎಂಬ ನಾಲ್ಕು ಸಾಲು ಅಗ್ರಿಮೆಂಟಿನಲ್ಲಿ ಬರಲಿ. ಈಗಾಗಲೇ ಅಗ್ರಿಮೆಂಟ್ ಆಗಿದ್ದರೆ ಓನರ್‌ಗೆ ವಾಟ್ಸಾಪ್‌ನಲ್ಲಿ ಗೋಡೆಯ ಫೋಟೊ ಸಮೇತ ಕಳಿಸಿ, ‘ಸರಿ’ ಎಂಬ ಉತ್ತರ ಬರಿಸಿಕೊಳ್ಳಿ.

ಹೊರಗಿನ ಯೂನಿಟ್ ಜಾಗಕ್ಕೇ ಅರ್ಧ ಜಗಳ. 20x30 ಸೈಟುಗಳಲ್ಲಿ ಎರಡು ಮನೆ ಮಧ್ಯೆ ಕೈ ಚಾಚುವಷ್ಟೂ ಜಾಗ ಇರುವುದಿಲ್ಲ. ಅಲ್ಲಿ ಸಜ್ಜಾದ ಮೇಲೆ ಯೂನಿಟ್ ಇಟ್ಟರೆ ಬಿಸಿ ಗಾಳಿ ನೇರ ಪಕ್ಕದ ಮನೆಯ ಬೆಡ್‌ರೂಮಿಗೆ. ಅದಕ್ಕೂ ಉಸಿರಾಡಲು ಜಾಗ ಸಿಗದೆ ಕರೆಂಟು ಹೆಚ್ಚು ಎಳೆಯುತ್ತದೆ. ಟೆರೇಸ್ ಮೇಲೆ ಇಡಲು ಓನರ್ ಒಪ್ಪಿದರೆ ಉತ್ತಮ, ಆದರೆ ಪೈಪ್ ಉದ್ದವಾಗುತ್ತದೆ. ಸಾಮಾನ್ಯವಾಗಿ ಎಸಿ ಜೊತೆ ಬರುವುದು ಸುಮಾರು ಮೂರು ಮೀಟರ್ ಪೈಪ್, ಮೇಲಿನದಕ್ಕೆ ಮೀಟರ್ ಲೆಕ್ಕದಲ್ಲಿ ದುಡ್ಡು. ನೀರಿನ ಪೈಪನ್ನು ಪಕ್ಕದವರ ಕಾಂಪೌಂಡ್ ಮೇಲೆ ಬಿಡಬೇಡಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಅನುಮತಿ ಬೇರೆ. ರಸ್ತೆ ಕಡೆ ಯೂನಿಟ್ ಕಾಣಬಾರದು ಎಂಬ ನಿಯಮ ಇರಬಹುದು.

ವೈರಿಂಗ್ ಹಳೆಯದಾದರೆ ಎಚ್ಚರ

ರಾಜಾಜಿನಗರ, ಬಸವೇಶ್ವರನಗರದ ಹಳೇ ಮನೆಗಳ ವೈರಿಂಗ್ ಹಾಕಿದಾಗ ಎಸಿ ಯಾರ ಮನಸ್ಸಲ್ಲೂ ಇರಲಿಲ್ಲ. ಬೆಡ್‌ರೂಮಲ್ಲಿ ಒಂದು 5 ಆಂಪ್ಸ್ ಸಾಕೆಟ್, ಮುಗೀತು. ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಎಸಿ ಓಡಿಸುವುದು ಬೆಂಕಿಗೆ ಆಹ್ವಾನ. ಎಸಿಗೆ ಮೇನ್ ಬೋರ್ಡಿನಿಂದ ಬೇರೆಯೇ 4 ಚದರ ಮಿಲಿಮೀಟರ್ ತಾಮ್ರದ ವೈರ್, 16 ಇಲ್ಲವೇ 20 ಆಂಪ್ಸ್ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಅರ್ಥಿಂಗ್ ಇದೆಯಾ ಎಂದು ಎಲೆಕ್ಟ್ರಿಷಿಯನ್ ಟೆಸ್ಟ್ ಮಾಡಿ ತೋರಿಸಲಿ, ಮೂರು ತೂತಿನ ಸಾಕೆಟ್ ಇದೆ ಅಂದಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ವೈರ್ ಖರ್ಚು ಯಾರದು ಎಂಬುದನ್ನೂ ಮೊದಲೇ ಮಾತಾಡಿ. ವೈರ್ ಮನೆಯಲ್ಲೇ ಉಳಿಯುವುದರಿಂದ ಓನರ್ ಪಾಲು ಕೇಳುವುದರಲ್ಲಿ ತಪ್ಪಿಲ್ಲ.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಒಂದೇ ಕಿಲೋವ್ಯಾಟ್ ಇರುವ ಮನೆಯಲ್ಲಿ ಗೀಸರ್ ಜೊತೆ ಎಸಿಯೂ ಸೇರಿದರೆ ಬಳಕೆ ಅದನ್ನು ದಾಟುವುದು ಖಚಿತ. ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕಾದ್ದು ಮೀಟರ್ ಯಾರ ಹೆಸರಲ್ಲಿದೆಯೋ ಅವರು. ವರ್ಷದ ಬಳಕೆ ಏರಿದರೆ ಬೆಸ್ಕಾಂ ಕೇಳುವ ಹೆಚ್ಚುವರಿ ಠೇವಣಿಯೂ ಅವರ ಮೀಟರಿಗೇ ಬರುತ್ತದೆ, ಕೊನೆಗೆ ಅದು ಬಾಡಿಗೆದಾರರ ತಲೆಗೆ.

ಗೃಹಜ್ಯೋತಿ ಲೆಕ್ಕ ಮರೀಬೇಡಿ

ಸೇಲ್ಸ್‌ಮನ್‌ಗಳು 5 ಸ್ಟಾರ್ ತಗೊಳ್ಳಿ, ಬಿಲ್ ಅರ್ಧ ಆಗುತ್ತೆ ಅಂತಾರೆ. ಒಂದ್ಸಲ ಲೆಕ್ಕ ಹಾಕಿ ನೋಡೋಣ. ಎಸಿಯ ಮೇಲಿನ ಬಿಇಇ ಲೇಬಲ್‌ನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದಿರುತ್ತದೆ. ಅದು 1600 ಗಂಟೆ ಓಡಿದರೆ ಎಂಬ ಲೆಕ್ಕ. ಒಂದು ಟನ್ನಿನ 3 ಸ್ಟಾರ್‌ನಲ್ಲಿ 670, 5 ಸ್ಟಾರ್‌ನಲ್ಲಿ 520 ಯೂನಿಟ್ ಬರೆದಿದೆ ಎಂದಿಟ್ಟುಕೊಳ್ಳಿ. ಚೆನ್ನೈಯಲ್ಲಿ 1600 ಗಂಟೆ ಸುಲಭವಾಗಿ ಆಗುತ್ತದೆ. ಬೆಂಗಳೂರಿನಲ್ಲಿ ಮಾರ್ಚಿಯಿಂದ ಮೇವರೆಗೆ ಒಂದು 75 ರಾತ್ರಿ, ದಿನಕ್ಕೆ ಆರು ಗಂಟೆ ಅಂದರೂ 450 ಗಂಟೆ. ಆಗ ಎರಡರ ನಡುವಿನ ವ್ಯತ್ಯಾಸ ವರ್ಷಕ್ಕೆ 42 ಯೂನಿಟ್. ಗೃಹಬಳಕೆಗೆ 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಹೋಗಿ ಎಲ್ಲ ಯೂನಿಟ್‌ಗೂ ಒಂದೇ ದರ ಬಂದಿದೆ. ತೆರಿಗೆ, ಸರ್‌ಚಾರ್ಜ್ ಸೇರಿಸಿ 7 ರೂಪಾಯಿ ಹಿಡಿದರೂ ಉಳಿತಾಯ 300 ರೂಪಾಯಿ ದಾಟಲ್ಲ. 5 ಸ್ಟಾರ್‌ಗೆ ಆರು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು 20 ವರ್ಷ ಬೇಕು. ಮೂರು ಮನೆ ಬದಲಿಸಿದ ಎಸಿ ಅಷ್ಟು ವರ್ಷ ಬಾಳುವುದಿಲ್ಲ. ಬೇಸಿಗೆ ರಾತ್ರಿಗೆ ಮಾತ್ರ ಎಸಿ ಬೇಕು ಅನ್ನುವವರಿಗೆ 3 ಸ್ಟಾರ್ ಇನ್ವರ್ಟರ್ ಧಾರಾಳ.

ಆದರೆ ಇದಕ್ಕೆ ಒಂದು ದೊಡ್ಡ ಅಪವಾದವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆ ಆಧರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಉಚಿತ ಮಿತಿ 130 ಯೂನಿಟ್, ಬಳಕೆಯೂ ಅಷ್ಟೇ ಇರುವ ಮನೆ ತೆಗೆದುಕೊಳ್ಳಿ. ತಿಂಗಳಿಗೆ 180 ಗಂಟೆ ಎಸಿ ಓಡಿದರೆ 3 ಸ್ಟಾರ್‌ಗೆ 75 ಯೂನಿಟ್, ಒಟ್ಟು 205. ಪೂರ್ತಿ ಬಿಲ್, 1,400 ರೂಪಾಯಿ ಮೇಲೆ, ನಿಗದಿತ ಶುಲ್ಕ ಬೇರೆ. 5 ಸ್ಟಾರ್‌ಗೆ 59 ಯೂನಿಟ್, ಒಟ್ಟು 189. ಕಟ್ಟಬೇಕಾದ್ದು 59 ಯೂನಿಟ್‌ಗೆ ಮಾತ್ರ, 400ರ ಆಸುಪಾಸು. ತಿಂಗಳಿಗೆ ಸಾವಿರ ರೂಪಾಯಿ ವ್ಯತ್ಯಾಸ! ಈ ಅಂಚಿನಲ್ಲಿರುವ ಮನೆಗೆ 5 ಸ್ಟಾರ್ ಎರಡು–ಮೂರು ಬೇಸಿಗೆಯಲ್ಲೇ ದುಡ್ಡು ವಾಪಸ್ ಕೊಡುತ್ತದೆ. ಅಷ್ಟು ಬಂಡವಾಳ ಇಲ್ಲದವರಿಗೆ ಇನ್ನೊಂದು ದಾರಿ: ಅದೇ 3 ಸ್ಟಾರನ್ನು ಟೈಮರ್ ಇಟ್ಟು ದಿನಕ್ಕೆ ಒಂದು ಗಂಟೆ ಮುಂಚೆ ಆಫ್ ಮಾಡಿಸಿದರೆ 193ಕ್ಕೆ ನಿಲ್ಲುತ್ತದೆ. ಬೆಳಗಿನ ಜಾವ ಹೊರಗಿನ ಗಾಳಿಯೇ ತಂಪಿರುತ್ತದೆ, ಕಿಟಕಿ ತೆಗೆದರಾಯಿತು. ಲೇಬಲ್ ಲೆಕ್ಕ ಅಂದಾಜಿನದು, ಟೆರೇಸ್ ಕೆಳಗಿನ ಮನೆಗೆ ಹೆಚ್ಚೇ ಬರಬಹುದು. ತಿಂಗಳ ಮಧ್ಯೆ ಒಮ್ಮೆ ಮೀಟರ್ ನೋಡಿಕೊಳ್ಳಿ.

ಒಂದೇ ಬೆಸ್ಕಾಂ ಮೀಟರಿಗೆ ಸಬ್‌ಮೀಟರ್ ಹಾಕಿ ಎರಡು ಮನೆಗೆ ಹಂಚಿರುವ ಕಡೆ ಇನ್ನೂ ಹುಷಾರಾಗಿರಬೇಕು. ಬೆಸ್ಕಾಂ ನೋಡೋದು ಒಂದೇ ಮೀಟರ್. ಮೇಲಿನವರ ಎಸಿಯಿಂದ 200 ದಾಟಿದರೆ ಕೆಳಗಿನವರ ಉಚಿತವೂ ಹೋಗುತ್ತದೆ. ಇಂಥ ಮನೆಯಲ್ಲಿ ಎಸಿ ಹಾಕುವ ಮುಂಚೆ ಎಲ್ಲರೂ ಕೂತು ಮಾತಾಡುವುದು ಲೇಸು.

ಅಂಗಡಿ ಇಟ್ಟವರಿಗೆ ಈ ಲೆಕ್ಕ ಯಾವುದೂ ಹೊಂದದು. ಅವರದು ವಾಣಿಜ್ಯ ದರ, ಗೃಹಜ್ಯೋತಿ ಇಲ್ಲ, ಎಸಿ ಹಗಲೆಲ್ಲ ಓಡಬೇಕು. ಅವರು 5 ಸ್ಟಾರ್ ತೆಗೆದುಕೊಳ್ಳುವುದೇ ಸರಿ.

ಕೊಳ್ಳುವಾಗ, ಕೂರಿಸುವಾಗ

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಸ್ಟಾರ್ ಗುರುತಿಗೂ ಅವಧಿ ಇದೆ, ಲೇಬಲ್ ಮೇಲೆಯೇ ಇರುತ್ತದೆ. ನಿಯಮ ಆಗಾಗ ಬಿಗಿಯಾಗುವುದರಿಂದ ಹಳೇ ಸ್ಟಾಕಿನ 5 ಸ್ಟಾರ್ ಹೊಸ ಅಳತೆಯಲ್ಲಿ 4 ಆಗಿರಬಹುದು. ರಿಯಾಯಿತಿ ಜಾಸ್ತಿ ಇದ್ದ ಕಡೆ ಇದನ್ನು ನೋಡಿ. ಸ್ಟಾರ್‌ಗಿಂತ ಯೂನಿಟ್ ಸಂಖ್ಯೆ ಹೋಲಿಸುವುದೇ ನಂಬಿಕೆಯ ದಾರಿ.

ಏಪ್ರಿಲ್ ಕೊನೆಗೆ ಹೋದರೆ ಎಸಿ ಸಿಕ್ಕರೂ ಕೂರಿಸುವ ಹುಡುಗರು ಸಿಗುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಕೊಂಡರೆ ಚೌಕಾಸಿಗೂ ಜಾಗ ಇರುತ್ತದೆ. ಬಿಲ್ ಮಾಡುವ ಮುಂಚೆ ಕೂರಿಸುವ ಕೂಲಿ, ಬ್ರಾಕೆಟ್, ಹೆಚ್ಚುವರಿ ಪೈಪ್ ಎಲ್ಲ ಸೇರಿ ಎಷ್ಟು ಎಂದು ಕೇಳಿ. ಮದರ್‌ಬೋರ್ಡ್‌ಗೆ ಎಷ್ಟು ವರ್ಷ ವಾರಂಟಿ ಎಂಬುದೂ ಮುಖ್ಯ. ಕಂಪ್ರೆಸರ್‌ಗೆ ಹತ್ತು ವರ್ಷ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಕೆಡುವುದು ಬೋರ್ಡು. ಹೊರಗಿನ ಯೂನಿಟ್ ಒಳಗೆ ಹಲ್ಲಿ ನುಗ್ಗಿ ಬೋರ್ಡ್ ಶಾರ್ಟ್ ಆಗುವುದು ನಮ್ಮೂರಲ್ಲಿ ಮಾಮೂಲು. ಮಾಗಡಿ ರಸ್ತೆ, ಕಾರ್ಡ್ ರಸ್ತೆ, ಮೈಸೂರು ರಸ್ತೆ ಬದಿಯ ಮನೆಯವರು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಳಗಿನ ಫಿಲ್ಟರ್ ತೊಳೆಯಬೇಕು, ಅಷ್ಟು ಧೂಳು.

ಮನೆ ಬದಲಿಸುವ ದಿನ ಬಿಚ್ಚಲು ಬಂದವರು ಮೊದಲು ಎಸಿ ಆನ್ ಮಾಡಿ, ಗ್ಯಾಸನ್ನೆಲ್ಲ ಹೊರಗಿನ ಯೂನಿಟ್‌ಗೆ ಎಳೆದು ವಾಲ್ವ್ ಮುಚ್ಚಬೇಕು. ಇದಕ್ಕೆ ಪಂಪ್ ಡೌನ್ ಅಂತಾರೆ. ಹಾಗೆ ಮಾಡದೆ ನೇರ ಪೈಪ್ ಬಿಚ್ಚಿದರೆ ಗ್ಯಾಸ್ ಹಾರಿಹೋಗಿ, ಹೊಸ ಮನೆಯಲ್ಲಿ ಮತ್ತೆ ತುಂಬಿಸುವ ಖರ್ಚು ಸಾವಿರಗಳಲ್ಲಿ. ಹೊಸ ಜಾಗದಲ್ಲಿ ಕೂರಿಸುವಾಗ ಪೈಪಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆಯಿಸಿ. ಪಂಪ್ ತಂದಿಲ್ಲ ಅಂದರೆ ತಂದ ಮೇಲೆ ಕೆಲಸ ಶುರು ಮಾಡಿ ಎನ್ನಿ. ಕರೆಂಟಿನ ವಿಚಾರದಲ್ಲಿ ಏನೇ ದೂರಿದ್ದರೂ ಬೆಸ್ಕಾಂ ಸಹಾಯವಾಣಿ 1912.