ಸುತ್ತಿಗೆ ಹುಡುಕಲು ಹೋದವರು

ಮೆಟಲ್ ಡಿಟೆಕ್ಟರ್ ಕೊಳ್ಳಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು ಆಳದ ವಿಚಾರ. ನೆಲದೊಳಗೆ ಎಷ್ಟು ದೂರ ಇಳಿದು ನೋಡುತ್ತದೆ? ಇಂಗ್ಲೆಂಡಿನ ಸಫೊಕ್‌ನಲ್ಲಿ ನಮ್ಮ ಕ್ಲಬ್ಬಿಗೆ ಹೊಸದಾಗಿ ಸೇರುವವರೂ ಅದನ್ನೇ ಕೇಳುತ್ತಾರೆ, ಗಂಗಾವತಿಯಿಂದ ಫೋನ್ ಮಾಡುವ ನಮ್ಮಕ್ಕನ ಮಗನೂ ಅದನ್ನೇ ಕೇಳುತ್ತಾನೆ: "ಚಿಕ್ಕಮ್ಮ, ಎಷ್ಟು ಅಡಿ ಆಳ ನೋಡ್ತೈತಿ ಅದು?" ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಒಂದು ಗೇಣು, ಮಣ್ಣು ಚೆನ್ನಾಗಿದ್ದರೆ ಇನ್ನೊಂದೆರಡು ಬೆರಳು ಹೆಚ್ಚು. ಅದಕ್ಕಿಂತ ಆಳದ ಮಾತೆಲ್ಲ ಮಾರುವವರ ಮಾತು. ಇಷ್ಟು ಹೇಳಿ ನಾನು ಹಾಕ್ಸನ್ನಿನ ಸುತ್ತಿಗೆಯ ಸಂಗತಿಗೆ ಬರುತ್ತೇನೆ. ಯಂತ್ರ ಆರಿಸುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹಾಕ್ಸನ್ ಸಫೊಕ್‌ನದೇ ಒಂದು ಹಳ್ಳಿ. 1992ರ ನವೆಂಬರ್ 16ರಂದು ಅಲ್ಲಿನ ಗೇಣಿದಾರ ರೈತ ಪೀಟರ್ ವಾಟ್ಲಿಂಗ್ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಅವರ ಪರಿಚಯದ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಬಂದರು. ಲಾಸ್ ತೋಟದ ಕೆಲಸ ಮಾಡಿ ನಿವೃತ್ತರಾದವರು. ಯಂತ್ರ ಕೂಗಿದಲ್ಲಿ ಅಗೆದರೆ ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ನಾಣ್ಯಗಳು ಕೈಗೆ ಬಂದವು. ಒಂದಷ್ಟನ್ನು ಎತ್ತಿದ ಮೇಲೆ ಲಾಸ್ ಕೈ ತಡೆದರು. ಗುಂಡಿಯನ್ನು ಮುಂದಕ್ಕೆ ತೋಡದೆ ಜಮೀನಿನ ಒಡೆತನವಿದ್ದ ಸಫೊಕ್ ಕೌಂಟಿ ಕೌನ್ಸಿಲ್ಲಿಗೂ ಪೊಲೀಸರಿಗೂ ಸುದ್ದಿ ಮುಟ್ಟಿಸಿದರು. ಮರುದಿನ ಕೌಂಟಿಯ ಪುರಾತತ್ತ್ವದವರು ಬಂದು, ಸುದ್ದಿ ಹಬ್ಬಿ ಕಳ್ಳರು ಸೇರುವ ಮೊದಲೇ, ಒಂದೇ ದಿನದಲ್ಲಿ ಅಗೆತ ಮುಗಿಸಿದರು.

ಸಿಕ್ಕ ನಾಣ್ಯಗಳು ಹದಿನೈದು ಸಾವಿರದ ಹತ್ತಿರ. ಚಿನ್ನದ ಒಡವೆಗಳು 29, ಬೆಳ್ಳಿಯ ಚಮಚಗಳು 78, ಸೌಟುಗಳು 20. ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ನನಗೆ ಮುಖ್ಯವಾದದ್ದು ಬೇರೆ. ಯಾವುದರ ಮೇಲೆ ಯಾವುದಿತ್ತು, ಯಾವುದರ ಪಕ್ಕ ಯಾವುದಿತ್ತು ಎಂಬುದು ಕೆಡದೆ ಉಳಿದದ್ದರಿಂದ, ಕೊಳೆತು ಹೋಗಿದ್ದ ಓಕ್ ಮರದ ಪೆಟ್ಟಿಗೆಯ ಅಳತೆ ಗೊತ್ತಾಯಿತು. ಅದರೊಳಗೆ ಇನ್ನೂ ಚಿಕ್ಕ ಪೆಟ್ಟಿಗೆಗಳಿದ್ದವು, ಅವಕ್ಕೆ ಬೆರಳ ತುದಿಯಷ್ಟಿರುವ ಬೆಳ್ಳಿಯ ಬೀಗಗಳಿದ್ದವು, ಬೆಳ್ಳಿ ಸಾಮಾನಿನ ನಡುವೆ ಹುಲ್ಲು ತುಂಬಿದ್ದರು. ಯಾರೋ ಗಾಬರಿಯಲ್ಲಿ ಬಾಚಿ ಹೂತದ್ದಲ್ಲ, ಕೂತು ಜೋಡಿಸಿ ಕಟ್ಟಿದ ಗಂಟು ಇದು. ಕೊನೆಯ ನಾಣ್ಯಗಳು ಕ್ರಿ.ಶ. 407-408ರವು. ಬ್ರಿಟನ್ನಿನಲ್ಲಿ ರೋಮನ್ ಆಡಳಿತ ಕುಸಿಯುತ್ತಿದ್ದ ಕಾಲ. ಒಂದು ಬಳೆಯ ಮೇಲೆ ಯೂಲಿಯಾನೆ ಎಂಬ ಹೆಂಗಸಿನ ಹೆಸರಿದೆ. ಇವೆಲ್ಲವನ್ನೂ ಒಬ್ಬರೇ ರಾತ್ರಿ ಬಂದು ಚೀಲಕ್ಕೆ ತುಂಬಿಕೊಂಡಿದ್ದರೆ ಬೆಲೆಬಾಳುವ ಬೆಳ್ಳಿ, ಬಂಗಾರ ಉಳಿಯುತ್ತಿತ್ತು. ಪೆಟ್ಟಿಗೆಯೂ ಹುಲ್ಲೂ ಜೋಡಿಸಿದ ಕೈಯೂ ಇಲ್ಲವಾಗುತ್ತಿದ್ದವು.

ಲಂಡನ್ನಿಗೆ ಹೋದಾಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಾನು ತಪ್ಪದೆ ನೋಡುವುದು ಆ ರಾಶಿಯ ಒಂದು ಮೆಣಸಿನ ಡಬ್ಬಿಯನ್ನು. ಹತ್ತು ಸೆಂಟಿಮೀಟರ್ ಎತ್ತರದ ಹೆಂಗಸಿನ ಮೂರ್ತಿ, ಬೆಳ್ಳಿಯದು, ಅಲ್ಲಲ್ಲಿ ಚಿನ್ನದ ಲೇಪ. ಜಡೆಗಳನ್ನು ನೆತ್ತಿಯ ಮೇಲೆ ಸುತ್ತಿಕೊಂಡಿದ್ದಾಳೆ. ಬುಡದಲ್ಲಿ ತಿರುಗುವ ಬಿಲ್ಲೆ ಇದೆ: ಒಂದು ಕಡೆ ತಿರುಗಿಸಿದರೆ ಮುಚ್ಚುತ್ತದೆ, ಇನ್ನೊಂದು ಕಡೆಗೆ ಪುಡಿ ತುಂಬಲು ದೊಡ್ಡ ಕಂಡಿ, ಮತ್ತೂ ಒಂದು ಕಡೆಗೆ ಉದುರಿಸಲು ಸಣ್ಣ ತೂತುಗಳು. ಆ ಕಾಲದ ಕರಿಮೆಣಸು ರೋಮನ್ನರಿಗೆ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಮಲಬಾರಿನ ಕಡೆಯಿಂದ. ಸಫೊಕ್‌ನ ಹೊಲದಲ್ಲಿ ನಿಂತಾಗ ನಾನು ಪರದೇಶದಲ್ಲಿದ್ದೇನೆ ಅನ್ನಿಸದಿರುವುದಕ್ಕೆ ಈ ಡಬ್ಬಿಯೂ ಒಂದು ಕಾರಣ. ಅಂದ ಹಾಗೆ ವಾಟ್ಲಿಂಗ್ ಅವರ ಸುತ್ತಿಗೆಯೂ ಕೊನೆಗೆ ಸಿಕ್ಕಿತು, ಅದೂ ಮ್ಯೂಸಿಯಮ್ಮಿನಲ್ಲೇ ಇದೆ. ನಿಧಿಗೆ ಕಟ್ಟಿದ 17.5 ಲಕ್ಷ ಪೌಂಡ್ ಬಹುಮಾನವನ್ನು ಲಾಸ್ ಆ ರೈತನ ಜೊತೆ ಹಂಚಿಕೊಂಡರು.

ಯಂತ್ರದ ಹುಟ್ಟಿಗೂ ಚಿನ್ನಕ್ಕೂ ಸಂಬಂಧವಿಲ್ಲ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ಮೈಯೊಳಗೆ ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿ ಸುರುಳಿಗಳ ಒಂದು ಸಾಧನ ಮಾಡಿ ಅಧ್ಯಕ್ಷರ ಹಾಸಿಗೆಯ ಬಳಿಗೆ ತಂದರು. ಲೋಹ ಹತ್ತಿರ ಬಂದರೆ ಕಿವಿಗೆ ಹಿಡಿದ ಟೆಲಿಫೋನಿನಲ್ಲಿ ಸದ್ದು ಕೇಳಬೇಕು. ಹಾಸಿಗೆಯೊಳಗಿದ್ದ ಉಕ್ಕಿನ ತಂತಿಗಳಿಂದ ಸದ್ದು ಕಲಸಿಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಗುಂಡು ಬಲಭಾಗದಲ್ಲಿದೆ ಎಂದು ನಂಬಿದ್ದ ಮುಖ್ಯ ವೈದ್ಯರು ಆ ಭಾಗವನ್ನು ಮಾತ್ರ ಹುಡುಕಲು ಬಿಟ್ಟರು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಭಾಗದಲ್ಲಿ. ಕ್ಲಬ್ಬಿಗೆ ಹೊಸಬರು ಬಂದಾಗ ನಾನು ಮೊದಲು ಅವರ ಕಾಲು ನೋಡುತ್ತೇನೆ. ಮುಂಗಾಲಿಗೆ ಉಕ್ಕಿನ ಟೊಪ್ಪಿ ಇರುವ ಬೂಟು ಹಾಕಿಕೊಂಡು ಬಂದಿದ್ದರೆ ಹೆಜ್ಜೆಹೆಜ್ಜೆಗೂ ಯಂತ್ರ ಕೂಗುತ್ತದೆ. ಹಾಸಿಗೆಯಿಂದ ಬೆಲ್ ಅವರಿಗೆ ಆದ ತೊಂದರೆಯೂ ಇದೇ.

ಹೊಲದ ಯಂತ್ರ ಬಂದದ್ದು ಮತ್ತೆ ಅರ್ಧ ಶತಮಾನ ಕಳೆದ ಮೇಲೆ. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿದ್ದ ಗೆರ್ಹಾರ್ಡ್ ಫಿಶರ್ ವಿಮಾನಗಳಿಗೆ ರೇಡಿಯೊ ಮೂಲಕ ದಿಕ್ಕು ತಿಳಿಸುವ ಸಾಧನದ ಮೇಲೆ ಕೆಲಸ ಮಾಡುತ್ತಿದ್ದರು. ಅದಿರಿರುವ ನೆಲ, ಲೋಹದ ಕಟ್ಟಡಗಳ ಬಳಿ ಆ ಸಾಧನ ತಪ್ಪು ದಿಕ್ಕು ತೋರಿಸುತ್ತಿತ್ತು. ಆ ತಪ್ಪನ್ನೇ ಅವರು ಬಳಸಿಕೊಂಡರು. 1937ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಯುದ್ಧ. ಪೋಲೆಂಡಿನಿಂದ ತಪ್ಪಿಸಿಕೊಂಡು ಸ್ಕಾಟ್ಲೆಂಡಿಗೆ ಬಂದಿದ್ದ ಯೂಸೆಫ್ ಕೊಸಾಟ್ಸ್ಕಿ ಎಂಬ ಸೇನಾ ಎಂಜಿನಿಯರ್ 1941ರಲ್ಲಿ ನೆಲಬಾಂಬು ಪತ್ತೆಹಚ್ಚುವ ಯಂತ್ರ ಮಾಡಿದರು. ಪೇಟೆಂಟ್ ತೆಗೆಯದೆ ಬ್ರಿಟಿಷ್ ಸೇನೆಗೆ ಕೊಟ್ಟುಬಿಟ್ಟರು. 1942ರ ಅಕ್ಟೋಬರಿನಲ್ಲಿ ಈಜಿಪ್ಟಿನ ಎಲ್ ಅಲಮೈನ್ ಯುದ್ಧಕ್ಕೆ ಹೋದದ್ದು ಇಂಥ 500 ಯಂತ್ರಗಳು. ಗಂಟೆಗೆ ನೂರು ಮೀಟರ್ ಬಾಂಬು ತೆಗೆಯುತ್ತಿದ್ದವರು ಇನ್ನೂರು ಮೀಟರ್ ತೆಗೆಯತೊಡಗಿದರು. ಈ ಹವ್ಯಾಸದವರು ಎಲ್ಲಕ್ಕಿಂತ ಹೆಚ್ಚು ನೆನೆಯಬೇಕಾದವರು ಕೊಸಾಟ್ಸ್ಕಿ ಎಂದು ನನಗೆ ಅನ್ನಿಸುತ್ತದೆ. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಹಳೆಯ ಬಾಂಬು ಪತ್ತೆ ಯಂತ್ರಗಳನ್ನು ಹೊತ್ತೇ ಮೊದಲ ಹವ್ಯಾಸಿಗಳು ಹೊಲಕ್ಕಿಳಿದದ್ದು. ಟ್ರಾನ್ಸಿಸ್ಟರ್ ಬಂದು ಭಾರ ಇಳಿಯಿತು, ಬೆಲೆಯೂ ಇಳಿಯಿತು.

ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದೊಂದು ಗೀಳೇ ಆಯಿತು. ಪುರಾತತ್ತ್ವದವರಿಗೆ ದಿಗಿಲಾಯಿತು. 1979ರ ಕಾನೂನು ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದನ್ನು ತಡೆಯಿತು. ಮರುವರ್ಷ ಯಂತ್ರಗಳ ವಿರುದ್ಧ ದೊಡ್ಡ ಚಳವಳಿಯೇ ನಡೆಯಿತು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡದ ಕಾಲ. ಆಗ ಸರ್ರೆ ಕೌಂಟಿಯ ವಾನ್‌ಬರೋದಲ್ಲಿ ಆದ ಅನಾಹುತವನ್ನು ಓದಿದಾಗ ನನಗೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ. ಅಲ್ಲೊಂದು ರೋಮನ್ ದೇವಾಲಯದ ಅವಶೇಷ. ಕೋರ್ಟಿನ ವಿಚಾರಣೆಯೊಂದರಲ್ಲಿ ಜಾಗದ ಹೆಸರು ಬಹಿರಂಗವಾಯಿತು. ಎಂಬತ್ತರ ದಶಕದ ಮಧ್ಯದಲ್ಲಿ ರಾತ್ರಿ ದೀಪ ಹಿಡಿದು ಬಂದವರು ಸಾವಿರಾರು ನಾಣ್ಯಗಳನ್ನು ಬಗೆದು ಒಯ್ದರು. ಹಿಡಿದರೂ ಶಿಕ್ಷೆ ನಿಲ್ಲಲಿಲ್ಲ. ಹಳೆಯ ಕಾನೂನಿನ ಪ್ರಕಾರ ನಿಧಿಯೆಂದರೆ, ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಒಬ್ಬರು ಬಚ್ಚಿಟ್ಟ ಚಿನ್ನ, ಬೆಳ್ಳಿ. ದೇವರಿಗೆ ಹಾಕಿದ ಕಾಣಿಕೆಯನ್ನು ಯಾರು ತಾನೆ ಮತ್ತೆ ತೆಗೆದುಕೊಳ್ಳಲು ಹಾಕುತ್ತಾರೆ?

ಆ ನೋವಿನಿಂದ ಹುಟ್ಟಿದ್ದು 1996ರ ನಿಧಿ ಕಾಯ್ದೆ. 300 ವರ್ಷಕ್ಕೂ ಹಳೆಯದಾದ, ನೂರಕ್ಕೆ ಹತ್ತು ಪಾಲಾದರೂ ಚಿನ್ನವೋ ಬೆಳ್ಳಿಯೋ ಇರುವ, ಬಿಡಿ ನಾಣ್ಯವಲ್ಲದ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಸಿಕ್ಕವರಿಗೂ ಜಮೀನಿನವರಿಗೂ ಬಹುಮಾನ. ಅದರ ಬೆನ್ನಿಗೇ 1997ರಲ್ಲಿ, ನಿಧಿಯಲ್ಲದ ಗುಂಡಿ, ಬಕಲ್, ಬಿಡಿ ನಾಣ್ಯಗಳನ್ನೂ ಬರೆದಿಡುವ ಒಂದು ಯೋಜನೆ ಶುರುವಾಯಿತು. ಕೌಂಟಿಗಳಲ್ಲಿ ಅದಕ್ಕೆಂದೇ ಅಧಿಕಾರಿಗಳಿದ್ದಾರೆ. ನಾವು ವಸ್ತುವನ್ನೂ ಅದು ಸಿಕ್ಕ ಜಾಗದ ನಕ್ಷೆಯ ಸಂಖ್ಯೆಯನ್ನೂ ಕೊಡುತ್ತೇವೆ. ಅವರು ತೂಗಿ, ಅಳೆದು, ಫೋಟೊ ತೆಗೆದು ವಾಪಸ್ ಕೊಡುತ್ತಾರೆ. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ದಾಟಿ ಎಷ್ಟೋ ಕಾಲವಾಯಿತು.

ಈಗ ಯಂತ್ರ. ಸುರುಳಿ ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹದಲ್ಲಿ ವಿದ್ಯುತ್ ಸುಳಿಯೇಳುತ್ತದೆ, ಅದರ ಪ್ರತಿಧ್ವನಿ ಸ್ವಲ್ಪ ತಡವಾಗಿ ಮೇಲೆ ಬರುತ್ತದೆ. ಎಷ್ಟು ತಡ ಎಂಬುದರ ಮೇಲೆ ಕಬ್ಬಿಣವೋ ಬೆಳ್ಳಿಯೋ ಎಂದು ಯಂತ್ರ ಊಹಿಸುತ್ತದೆ. ಫ್ರೀಕ್ವೆನ್ಸಿ ಕಡಿಮೆಯಿದ್ದರೆ ದಪ್ಪ ಬೆಳ್ಳಿ ಚೆನ್ನಾಗಿ ಕೇಳುತ್ತದೆ, ಹೆಚ್ಚಿದ್ದರೆ ಚಿಕ್ಕದು, ತೆಳುವಾದದ್ದು ಕೇಳುತ್ತದೆ. ಈಚಿನ ಯಂತ್ರಗಳು ಹಲವು ಫ್ರೀಕ್ವೆನ್ಸಿಗಳನ್ನು ಒಟ್ಟಿಗೆ ಕಳಿಸುವುದರಿಂದ ಈ ಚಿಂತೆ ತಗ್ಗಿದೆ. ಉಪ್ಪುನೀರಿನ ಕಡಲದಂಡೆಗೆ ಬೇರೆಯದೇ ಬಗೆಯ, ಪಲ್ಸ್ ಕಳಿಸುವ ಯಂತ್ರಗಳಿವೆ. ಹೊಲದ ಮೊಳೆಗಳ ನಡುವೆ ಅವುಗಳಿಂದ ಉಪಯೋಗವಿಲ್ಲ. ಹೊಸಬರು ಬಯಸುವುದು ಕಸವನ್ನು ಕೇಳಿಸದಂತೆ ಮಾಡುವ ಗುಂಡಿಯನ್ನು. ಅದನ್ನು ಒತ್ತುವ ಮೊದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಚೂರು, ತಂಪುಪಾನೀಯದ ಡಬ್ಬಿಯ ಕಿವಿ, ಕೈಬೆರಳ ಉಂಗುರ ಮೂರನ್ನೂ ಹುಲ್ಲಿನ ಮೇಲಿಟ್ಟು ಸುರುಳಿ ಆಡಿಸಿ ನೋಡಬೇಕು. ಪರದೆಯಲ್ಲಿ ಮೂರರ ಸಂಖ್ಯೆಗಳೂ ಒಂದರ ಮೇಲೊಂದು ಬರುತ್ತವೆ. ಹಾಳೆಯ ಬಾಯಿ ಮುಚ್ಚಿಸಿದರೆ ಚಿನ್ನದ ಬಾಯಿಯೂ ಮುಚ್ಚುತ್ತದೆ. ಅದಕ್ಕೇ ಪರದೆಯ ಅಂಕಿಗಿಂತ ಸದ್ದು ಸ್ಪಷ್ಟವಾಗಿರುವ ಯಂತ್ರ ಆರಿಸಿ ಎನ್ನುತ್ತೇನೆ. ಮೊಳೆಯ ಪಕ್ಕದಲ್ಲಿ ನಾಣ್ಯವಿಟ್ಟರೆ ಎರಡನ್ನೂ ಬೇರೆಬೇರೆ ಹೇಳುವ ಯಂತ್ರ, ಮತ್ತು ತೋಡುವ ಗುಂಡಿ ಚಿಕ್ಕದಾಗಿರಲು, ಲೋಹ ಎಲ್ಲಿದೆಯೆಂದು ಹತ್ತಿರದಿಂದ ತೋರಿಸುವ ಕೈಯಳತೆಯ ಒಂದು ಪಿನ್‌ಪಾಯಿಂಟರ್. ಭಾರ ಕಡಿಮೆಯಿರಲಿ, ಸಂಜೆಯ ಹೊತ್ತಿಗೆ ಭುಜಕ್ಕೆ ಅದರ ಬೆಲೆ ತಿಳಿಯುತ್ತದೆ.

ಗೋಧಿ ಕೊಯ್ದ ಕೂಳೆಯಲ್ಲಿ ಒಮ್ಮೆ ನನಗೆ ಬಂದ ಸದ್ದು ತೀರ ಸಣ್ಣದು, ಎರಡು ದಿಕ್ಕಿನಿಂದ ಆಡಿಸಿದರೂ ಒಂದೇ ತೆರನಾದದ್ದು. ಸಲಿಕೆಯಲ್ಲಿ ಬಂದ ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿದರೆ ಒಂದನೆಯ ಎಡ್ವರ್ಡ್ ದೊರೆಯ ಬೆಳ್ಳಿಯ ಪೆನ್ನಿ. ಉಗುರಿಗಿಂತ ಕೊಂಚ ಅಗಲ, ಎಲೆಯಷ್ಟು ತೆಳು. ಒಂದು ಮುಖದಲ್ಲಿ ಕಿರೀಟದ ತಲೆ, ಇನ್ನೊಂದರಲ್ಲಿ ಅಂಚಿನವರೆಗೂ ಚಾಚಿದ ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲೂ ಮೂರು ಮೂರು ಚುಕ್ಕಿ. 1279ರ ನಂತರದ ಟಂಕ. ಮಾರಿದರೆ ಹೇಳಿಕೊಳ್ಳುವಂಥ ದುಡ್ಡೇನೂ ಬರುವುದಿಲ್ಲ. ಅದೇ ಮೂಲೆಯಲ್ಲಿ ನಮ್ಮ ಕ್ಲಬ್ಬಿನ ಬೇರೆಯವರಿಗೂ ಅದೇ ಕಾಲದವು ಸಿಕ್ಕಿದ್ದವು. ಎಲ್ಲದರ ಜಾಗವೂ ದಾಖಲಾದ ಮೇಲೆ, ಕೂಳೆಯಷ್ಟೇ ಕಾಣುವ ಆ ಮೂಲೆಯಲ್ಲಿ ಆಗ ಜನರ ಓಡಾಟ, ಕೊಡುಕೊಳ್ಳುವಿಕೆ ಇತ್ತೆಂದು ಅಧಿಕಾರಿ ನಕ್ಷೆಯ ಮೇಲೆ ತೋರಿಸಿದರು.

ತಿಳಿಸದೆ ಮುಚ್ಚಿಟ್ಟರೆ ಆಗುವುದೇ ಬೇರೆ. 2015ರಲ್ಲಿ ಹೆರಿಫರ್ಡ್‌ಶೈರಿನಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. ತಿಳಿಸದೆ ಮಾರಿದರು. ಫೋನಿನಿಂದ ಅಳಿಸಿದ್ದ ಫೋಟೊಗಳನ್ನು ಪೊಲೀಸರು ಮತ್ತೆ ತೆಗೆದರು. 2019ರಲ್ಲಿ ಇಬ್ಬರೂ ಜೈಲಿಗೆ ಹೋದರು. ಕೆಲವು ನಾಣ್ಯಗಳಲ್ಲಿ ವೆಸೆಕ್ಸಿನ ಆಲ್ಫ್ರೆಡ್ ದೊರೆಯ ಕಾಲದ, ಇಬ್ಬರು ರಾಜರು ಅಕ್ಕಪಕ್ಕ ಕೂತ ಚಿತ್ರವಿದೆ. ಚರಿತ್ರೆ ಮೂಲೆಗೆ ತಳ್ಳಿದ್ದ ಮರ್ಸಿಯಾದ ಚೆಯೋಲ್ವುಲ್ಫ್ ದೊರೆ ಆಲ್ಫ್ರೆಡನಿಗೆ ಸಮನಾಗಿದ್ದನೆಂಬುದಕ್ಕೆ ಇಂಥ ನಾಣ್ಯಗಳೇ ಸಾಕ್ಷಿ. ಆ ನಿಧಿಯ ನಾಣ್ಯಗಳಲ್ಲಿ ಹೆಚ್ಚಿನವು ಎಲ್ಲಿವೆಯೋ ಇವತ್ತಿಗೂ ಪತ್ತೆಯಿಲ್ಲ.

ಅಕ್ಕನ ಮಗನ ಊರಿಗೆ ಹತ್ತಿರದಲ್ಲೇ ಆನೆಗೊಂದಿ. 2019ರ ಜುಲೈನಲ್ಲಿ ಅಲ್ಲಿನ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಒಡೆದುಹಾಕಿದ್ದನ್ನು ಅವನೇ ನನಗೆ ಅಳುತ್ತ ಫೋನಿನಲ್ಲಿ ಹೇಳಿದ್ದ. ವಿಜಯನಗರದ ದಾನಶಾಸನಗಳಲ್ಲಿ ಭೂಮಿ ಪಡೆದವನಿಗೆ ಸಲ್ಲುವ ಎಂಟು ಭೋಗಗಳಲ್ಲಿ ನಿಧಿ ನಿಕ್ಷೇಪಗಳೂ ಸೇರಿವೆ. ನೆಲದೊಳಗಿನದು ಯಾರದು ಎಂಬ ಪ್ರಶ್ನೆ ನಮ್ಮಲ್ಲೂ ಅಷ್ಟು ಹಳೆಯದು. ಈಗಿನ ಉತ್ತರ ಬೇರೆ. 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೂ ಕಲೆಕ್ಟರಿಗೆ ತಿಳಿಸು ಎಂದಿತು, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ, ಸಂರಕ್ಷಿತ ಜಾಗದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಇಂಗ್ಲೆಂಡಿನಲ್ಲಿರುವಂತೆ ಬಿಡಿ ನಾಣ್ಯದ ಜಾಗ ಬರೆದುಕೊಳ್ಳುವ ಅಧಿಕಾರಿಗಳ ಜಾಲ ಅಲ್ಲಿಲ್ಲ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕ ರೋಮನ್ ಬೆಳ್ಳಿ ನಾಣ್ಯ ಆ ಪದರದ ಮಡಕೆ ಚೂರುಗಳಿಗೆಲ್ಲ ಕಾಲ ಗೊತ್ತುಮಾಡಲು ನೆರವಾಯಿತು. ಅದನ್ನು ಮೊದಲೇ ಯಾರಾದರೂ ಎತ್ತಿಕೊಂಡಿದ್ದರೆ ಆ ಚೂರುಗಳು ಮೂಕವಾಗಿಯೇ ಇರುತ್ತಿದ್ದವು.

ಹಾಗಾಗಿ ಅವನಿಗೆ ನಾನು ಯಾವ ಯಂತ್ರದ ಹೆಸರನ್ನೂ ಹೇಳಿಲ್ಲ, ಕೊಳ್ಳಬೇಡ ಎಂದೇ ಹೇಳಿದೆ. ನಾಣ್ಯ ನೋಡುವ ಆಸೆಯಿದ್ದರೆ ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ವಿಜಯನಗರದವು ಕಣ್ಣೆದುರಿಗೇ ಇವೆ. "ಮತ್ತ ನಮ್ಮ ಹೊಲದಾಗ ನೇಗಿಲಿಗೆ ಏನರ ಸಿಕ್ರ?" ಎಂದ. ಗಡಿಗೆ ಸಿಕ್ಕರೆ ಒಡೆಯಬೇಡ, ಒಳಗಿನದನ್ನು ತೊಳೆಯಬೇಡ, ನೇಗಿಲು ಬಿಚ್ಚಿ ಆ ಜಾಗಕ್ಕೆ ನಾಲ್ಕು ಗೂಟ ಹೊಡೆದು ತಹಶೀಲ್ದಾರರ ಕಚೇರಿಗೆ ಹೋಗು, ಕೊಟ್ಟದ್ದಕ್ಕೆ ರಸೀದಿ ಕೇಳಿ ತಗೋ ಎಂದೆ.